ಅಕ್ಕನ ಮಂಡಿಗೂ ನನ್ನ ಮಂಡಿಗೂ ಒಂದೇ ಪ್ಯಾಕೇಜ್

ಎಂಟು ತಿಂಗಳಿಂದ ನಮ್ಮ ಮನೆಯಲ್ಲಿ ಮಂಡಿ ಬಿಟ್ಟರೆ ಬೇರೆ ಮಾತಿಲ್ಲ. ಅಕ್ಕನಿಗೆ 68 ವರ್ಷ. ಬಲ ಮಂಡಿ ಪೂರ್ತಿ ಸವೆದಿದೆ, ಎಡದ್ದೂ ಅದೇ ದಾರಿ ಹಿಡಿದಿದೆ. ನನಗೆ 57. ಮೆಟ್ಟಿಲು ಇಳಿಯುವಾಗ ಎಡ ಮಂಡಿಯಲ್ಲಿ ಚುಳುಕ್ ಅನ್ನುತ್ತದೆ, ಜಾಸ್ತಿ ಹೊತ್ತು ಕೂತು ಎದ್ದರೆ ಎರಡು ಹೆಜ್ಜೆ ಕುಂಟುತ್ತೇನೆ. ಇಬ್ಬರನ್ನೂ ನೋಡಿದ ಮೂಳೆ ಡಾಕ್ಟರು ಅಕ್ಕನಿಗೆ ಮಂಡಿ ಬದಲಿಸುವ ಆಪರೇಷನ್ ಮಾಡಿಸಿಕೊಳ್ಳಿ ಅಂದರು. ನನಗೆ ತೂಕ ಇಳಿಸಿ, ತೊಡೆಗೆ ವ್ಯಾಯಾಮ ಕೊಡಿ ಅಂದರು.

ಇಬ್ಬರಿಗೂ ಆ ಮಾತು ಹಿಡಿಸಲಿಲ್ಲ. ಅಕ್ಕನಿಗೆ ಆಪರೇಷನ್ ಅಂದರೆ ಎದೆ ಧಸಕ್ ಅನ್ನುತ್ತದೆ. ನನಗೆ ವ್ಯಾಯಾಮ ಅಂದರೆ ಹಾಗೆ.

ಅಷ್ಟರಲ್ಲಿ ಅಕ್ಕನ ಮೊಬೈಲಿಗೆ ಒಂದು ವಿಡಿಯೋ ಬಂತು. ಕುಂಟುತ್ತಾ ಬಂದವರು ಒಂದು ಇಂಜೆಕ್ಷನ್ ತಗೊಂಡು ಓಡುತ್ತಾ ಹೋಗುವ ವಿಡಿಯೋ. ಸ್ಟೆಮ್ ಸೆಲ್ ಚಿಕಿತ್ಸೆ, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳನ್ನು ಚುಚ್ಚುವ ಚಿಕಿತ್ಸೆ. "ನೋಡೋ, ಕುಯ್ಯೋದೇ ಬೇಡ್ವಂತೆ" ಅಂದಳು. ಹೋದೆವು.

ಅಲ್ಲಿ ನಮ್ಮ ಜೊತೆ ಮಾತಾಡಿದ್ದು ಡಾಕ್ಟರಲ್ಲ, ಕೌನ್ಸೆಲರ್. ಒಳ್ಳೆಯ ಮಾತುಗಾರ. ಇಬ್ಬರ ಎಕ್ಸ್‌ರೇಗಳನ್ನೂ ಬೆಳಕಿಗೆ ಹಿಡಿದು ನೋಡಿದರು. ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುತ್ತೇವೆ, ಮೆಷಿನ್‌ನಲ್ಲಿ ತಿರುಗಿಸಿ ಗಟ್ಟಿ ಮಾಡುತ್ತೇವೆ, ಮಂಡಿಗೆ ಚುಚ್ಚುತ್ತೇವೆ. ಒಂದೇ ದಿನದ ಕೆಲಸ. ಹೊಲಿಗೆ ಇಲ್ಲ, ಸವೆದ ಕಾರ್ಟಿಲೇಜ್ ಮತ್ತೆ ಬೆಳೆಯುತ್ತದೆ. ಇಷ್ಟು ಹೇಳಿ ಕೊನೆಗೆ ಅಂದರು: "ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಮಾಡಿಸಿಕೊಂಡರೆ ಸ್ವಲ್ಪ ಕಡಿಮೆ ಮಾಡಿಕೊಡ್ತೀವಿ."

ನನ್ನ ತಲೆಗೆ ಹುಳ ಬಿಟ್ಟಿದ್ದು ಅದೇ ಮಾತು. ಅಕ್ಕನ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವೆ ಕೂದಲೆಳೆಯಷ್ಟೂ ಜಾಗ ಇಲ್ಲ. ನನ್ನದರಲ್ಲಿ ಧಾರಾಳವಾಗಿದೆ. ಎಕ್ಸ್‌ರೇ ನೋಡಿ ಸವೆತಕ್ಕೆ 0ಯಿಂದ 4ರವರೆಗೆ ಗ್ರೇಡ್ ಕೊಡುತ್ತಾರೆ, 1957ರಿಂದ ಬಳಕೆಯಲ್ಲಿರುವ ಲೆಕ್ಕ ಅದು. ಅಕ್ಕನದು 4, ನನ್ನದು 2. ಹಾಗಿದ್ದ ಮೇಲೆ ಇಬ್ಬರಿಗೂ ಅದೇ ಸೂಜಿ, ಅದೇ ಭರವಸೆ, ಅದೇ ಪ್ಯಾಕೇಜ್ ಹೇಗೆ? ಯೋಚಿಸಿ ಹೇಳುತ್ತೇವೆ ಅಂತ ಎದ್ದು ಬಂದೆವು. ಆಮೇಲೆ ನಾನು ಓದಲು ಕೂತೆ. ನಾನು ಡಾಕ್ಟರಲ್ಲ. ಮೊದಲೇ ಹೇಳಿಬಿಡುತ್ತೇನೆ.

ಕಾರ್ಟಿಲೇಜ್ ಅಂದರೆ ಮೂಳೆಯ ತುದಿಗೆ ಹಾಸಿದ ನುಣುಪಾದ ಬಿಳಿ ಪದರ, ದಪ್ಪ ಬರೀ ಕೆಲವು ಮಿಲಿಮೀಟರ್. ಅದರೊಳಗೆ ರಕ್ತನಾಳ ಇಲ್ಲ. ನರವೂ ಇಲ್ಲ. ಕೈ ಕುಯ್ದುಕೊಂಡರೆ ರಕ್ತದ ಜೊತೆ ರಿಪೇರಿಯ ಸಾಮಾನೆಲ್ಲ ಹರಿದು ಬರುತ್ತದೆ, ವಾರದಲ್ಲಿ ಗಾಯ ಮಾಯುತ್ತದೆ. ಇಲ್ಲಿ ಆ ದಾರಿಯೇ ಇಲ್ಲ. ಕೀಲಿನೊಳಗಿನ ದ್ರವ ಹೀರಿಕೊಂಡು ಅದು ಹೇಗೋ ಬದುಕುತ್ತದೆ. ನರ ಇಲ್ಲದ್ದರಿಂದ ಸವೆಯುವಾಗ ಸದ್ದೇ ಮಾಡುವುದಿಲ್ಲ. ನೋವು ಹುಟ್ಟುವುದು ಅದರ ಕೆಳಗಿನ ಮೂಳೆಯಿಂದ, ಕೀಲಿನ ಒಳಪೊರೆಯಿಂದ. ಅಂದರೆ ನೋವು ಶುರುವಾಗುವ ಹೊತ್ತಿಗೆ ಸವೆತ ಎಷ್ಟೋ ದೂರ ಹೋಗಿರುತ್ತದೆ. ಒಮ್ಮೆ ಹಾಳಾದ ಕಾರ್ಟಿಲೇಜ್ ಮತ್ತೆ ಬರುವುದಿಲ್ಲ ಅಂತ ವಿಲಿಯಂ ಹಂಟರ್ ಅನ್ನುವ ವೈದ್ಯರು 1743ರಲ್ಲೇ ಬರೆದಿದ್ದರು. ಇನ್ನೂರ ಎಂಬತ್ತು ವರ್ಷ ದಾಟಿದರೂ ಆ ಮಾತನ್ನು ಪೂರ್ತಿ ಸುಳ್ಳು ಮಾಡಲು ಯಾರಿಗೂ ಆಗಿಲ್ಲ.

ಇನ್ನು ಅಕ್ಕನಂಥವರ ಮಂಡಿಯಲ್ಲಿ ಹೋಗಿರುವುದು ಕಾರ್ಟಿಲೇಜ್ ಒಂದೇ ಅಲ್ಲ. ಮೂಳೆಯ ಅಂಚಿನಲ್ಲಿ ಮುಳ್ಳು ಬೆಳೆದಿದೆ. ನಡುವಿನ ಮೆತ್ತೆ ಹರಿದಿದೆ. ಕಾಲು ಬಿಲ್ಲಿನ ಹಾಗೆ ಬಾಗಿದೆ. ಕಾರ್ಟಿಲೇಜ್ ಬೆಳೆಸುವ ಮದ್ದು ನಿಜವಾಗಿಯೂ ಇದ್ದರೂ, ಬಾಗಿದ ಕಾಲನ್ನು ಅದು ನೆಟ್ಟಗೆ ಮಾಡುವುದಿಲ್ಲ.

ಈಗ ಆ ಇಂಜೆಕ್ಷನ್ ವಿಷಯಕ್ಕೆ ಬರೋಣ. ಮೂಳೆಮಜ್ಜೆಯಲ್ಲಿ ಸ್ಟೆಮ್ ಸೆಲ್ ಇರುವುದು ನಿಜ. ಆದರೆ ಎಷ್ಟು? ಹತ್ತು ಸಾವಿರದಿಂದ ಒಂದು ಲಕ್ಷ ಜೀವಕೋಶಗಳಿಗೆ ಒಂದು. ಮೆಷಿನ್‌ನಲ್ಲಿ ತಿರುಗಿಸಿದ ಮೇಲೆ ಸ್ವಲ್ಪ ಜಾಸ್ತಿಯಾಗುತ್ತದೆ ಅನ್ನಿ. ಉಳಿದದ್ದೆಲ್ಲ ಬೇರೆ ಬೇರೆ ರಕ್ತಕೋಶಗಳು. ಕೆಲವು ಕಡೆ ಹೊಟ್ಟೆಯ ಕೊಬ್ಬಿನಿಂದ ತೆಗೆಯುತ್ತಾರೆ, ಅದರಲ್ಲಿ ಇನ್ನೂ ಹೆಚ್ಚು ಸಿಗುತ್ತದೆ. ಇನ್ನು ಕೆಲವರು ಹೆರಿಗೆಯಾದಾಗ ಸಿಗುವ ಹೊಕ್ಕುಳಬಳ್ಳಿ, ಗರ್ಭದ ನೀರು ಇವುಗಳಿಂದ ಮಾಡಿದ ಬಾಟಲಿ ತರಿಸಿ ಚುಚ್ಚುತ್ತಾರೆ. ಅಂಥ ಗರ್ಭದ ನೀರಿನ ಬಾಟಲಿಗಳನ್ನು ಲ್ಯಾಬ್‌ನಲ್ಲಿ ಪರೀಕ್ಷಿಸಿದಾಗ ಜೀವಂತ ಸ್ಟೆಮ್ ಸೆಲ್ಲೇ ಸಿಗದ ಉದಾಹರಣೆಗಳಿವೆ.

ಇದಕ್ಕಿಂತ ನನಗೆ ಮಜಾ ಅನ್ನಿಸಿದ್ದು ಹೆಸರಿನ ಕಥೆ. ಈ ಕೋಶಗಳಿಗೆ ಮೆಸೆಂಕೈಮಲ್ ಸ್ಟೆಮ್ ಸೆಲ್ ಅಂತ 1991ರಲ್ಲಿ ಹೆಸರು ಕೊಟ್ಟವರು ಅಮೆರಿಕದ ವಿಜ್ಞಾನಿ ಆರ್ನಲ್ಡ್ ಕ್ಯಾಪ್ಲನ್. ಇವು ಮೂಳೆಯಾಗುತ್ತವೆ, ಕಾರ್ಟಿಲೇಜ್ ಆಗುತ್ತವೆ ಅನ್ನುವ ನಂಬಿಕೆ ಆಗ ಇತ್ತು. ಲ್ಯಾಬ್‌ನ ತಟ್ಟೆಯಲ್ಲಿ ಆಗುತ್ತವೆ ಕೂಡ. ಮೈಯೊಳಗೆ ಬಿಟ್ಟಾಗ ಮಾತ್ರ ಇವು ಹೊಸ ಕಾರ್ಟಿಲೇಜ್ ಆಗಿ ಕೂರುವುದಿಲ್ಲ, ಸುತ್ತಲಿನ ಕೋಶಗಳಿಗೆ ಒಂದಿಷ್ಟು ರಾಸಾಯನಿಕ ಸಂದೇಶ ಕಳಿಸಿ ಉರಿಯೂತ ತಗ್ಗಿಸುತ್ತವೆ ಅಂತ ಅವರಿಗೇ ಮನವರಿಕೆಯಾಯಿತು. 2017ರಲ್ಲಿ, ಈ ಹೆಸರಿನಿಂದ ಜನ ದಾರಿ ತಪ್ಪುತ್ತಿದ್ದಾರೆ, ಬದಲಿಸಿ ಅಂತ ಅವರೇ ಲೇಖನ ಬರೆದರು. ಹೆಸರಿಟ್ಟವರೇ ಬೇಡ ಅಂದರೂ ಬೋರ್ಡುಗಳು ಹಾಗೇ ಇವೆ!

ಸರಿ, ಹೇಗೆ ಕೆಲಸ ಮಾಡಿದರೇನು, ನೋವು ಹೋದರೆ ಸಾಕಲ್ವಾ? ಅಕ್ಕ ಕೇಳಿದ್ದೂ ಇದನ್ನೇ. ನ್ಯಾಯವಾದ ಪ್ರಶ್ನೆ.

2017ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಒಂದು ಚೆಂದದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಎರಡೂ ಮಂಡಿ ನೋಯುವ 25 ಜನರನ್ನು ತಗೊಂಡರು. ಒಂದು ಮಂಡಿಗೆ ಅವರದೇ ಮಜ್ಜೆಯ ಇಂಜೆಕ್ಷನ್, ಇನ್ನೊಂದಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದು ಅಂತ ಅವರಿಗೆ ಹೇಳಲಿಲ್ಲ. ಕೆಲವು ತಿಂಗಳಲ್ಲಿ ನೋವು ಕಡಿಮೆಯಾಯಿತು. ಎರಡೂ ಮಂಡಿಯಲ್ಲಿ, ಹೆಚ್ಚುಕಮ್ಮಿ ಒಂದೇ ಸಮ.

ಇದನ್ನು ಓದಿದಾಗ ಆ ವಿಡಿಯೋದಲ್ಲಿ ಓಡುತ್ತಾ ಹೋದವರ ಬಗ್ಗೆ ನನ್ನ ಅಭಿಪ್ರಾಯ ಬದಲಾಯಿತು. ಅವರು ಸುಳ್ಳು ಹೇಳುತ್ತಿಲ್ಲದಿರಬಹುದು. ಮಂಡಿನೋವು ಅಲೆಯ ಹಾಗೆ, ಏರುತ್ತದೆ, ಇಳಿಯುತ್ತದೆ. ನಾವು ಡಾಕ್ಟರ ಹತ್ತಿರ ಓಡುವುದು ಅದು ತುತ್ತತುದಿಗೆ ಏರಿದಾಗ. ಆಮೇಲೆ ಏನು ಮಾಡಿದರೂ, ಏನೂ ಮಾಡದಿದ್ದರೂ, ಒಂದಿಷ್ಟು ಇಳಿದೇ ಇಳಿಯುತ್ತದೆ. ಜೊತೆಗೆ ದೊಡ್ಡ ಚಿಕಿತ್ಸೆ ಆಯಿತು ಅನ್ನುವ ನಂಬಿಕೆ ಬೇರೆ. ಆ ನಂಬಿಕೆಯ ಬಲ ಸಣ್ಣದಲ್ಲ. 2002ರಲ್ಲಿ 180 ಜನರ ಮೇಲೆ ನಡೆದ ಪರೀಕ್ಷೆಯೊಂದರಲ್ಲಿ ಕೆಲವರಿಗೆ ಮಂಡಿಯೊಳಗೆ ದುರ್ಬೀನು ತೂರಿಸಿ ತೊಳೆದು ಸ್ವಚ್ಛ ಮಾಡಿದರು. ಇನ್ನು ಕೆಲವರಿಗೆ ಸುಮ್ನೆ ಚರ್ಮ ಕುಯ್ದು ಹೊಲಿದು ಕಳಿಸಿದರು. ಎರಡು ವರ್ಷ ಆದರೂ ಇಬ್ಬರ ನೋವಿನಲ್ಲೂ ವ್ಯತ್ಯಾಸ ಕಾಣಲಿಲ್ಲ. ಅಂದರೆ ಈ ಕುತ್ತು ಸ್ಟೆಮ್ ಸೆಲ್‌ನವರಿಗೆ ಮಾತ್ರ ಅಂಟಿದ್ದಲ್ಲ, ಚಾಕು ಹಿಡಿದವರಿಗೂ ಅಂಟಿದೆ.

ಇನ್ನೂ ದೊಡ್ಡ ಪರೀಕ್ಷೆ ಬಂದಿದ್ದು 2023ರಲ್ಲಿ. 470ಕ್ಕೂ ಹೆಚ್ಚು ಜನ. ಮಜ್ಜೆಯ ಕೋಶ, ಕೊಬ್ಬಿನ ಕೋಶ, ಹೊಕ್ಕುಳಬಳ್ಳಿಯ ಕೋಶ, ಈ ಮೂರನ್ನೂ ಮಾಮೂಲಿ ಸ್ಟೀರಾಯ್ಡ್ ಇಂಜೆಕ್ಷನ್ ಜೊತೆ ಹೋಲಿಸಿದರು. ಒಂದು ವರ್ಷದ ಕೊನೆಗೆ ಮೂರರಲ್ಲಿ ಯಾವುದೂ ಸ್ಟೀರಾಯ್ಡ್‌ಗಿಂತ ಮೇಲು ಅನ್ನಿಸಿಕೊಳ್ಳಲಿಲ್ಲ. ಎಂಆರ್‌ಐಯಲ್ಲೂ ಹೊಸ ಕಾರ್ಟಿಲೇಜ್ ಬೆಳೆದ ಗುರುತಿಲ್ಲ. ಹಾಗಂತ ಸ್ಟೀರಾಯ್ಡ್ ದೊಡ್ಡ ಸಂಜೀವಿನಿ ಅಂದುಕೊಳ್ಳಬೇಡಿ. ಮೂರು ತಿಂಗಳಿಗೊಂದರಂತೆ ಎರಡು ವರ್ಷ ಚುಚ್ಚಿಸಿಕೊಂಡವರ ಕಾರ್ಟಿಲೇಜ್ ಉಪ್ಪುನೀರು ತಗೊಂಡವರದ್ದಕ್ಕಿಂತ ಜಾಸ್ತಿ ಸವೆದಿತ್ತು ಅಂತ 2017ರ ಇನ್ನೊಂದು ಪರೀಕ್ಷೆ ಹೇಳಿದೆ.

ಪೂರ್ತಿ ದಂಡ ಅಂತಲೂ ನಾನು ಹೇಳುವುದಿಲ್ಲ. 2025ರಲ್ಲಿ ಕಾಕ್ರೇನ್ ಸಂಸ್ಥೆಯವರು 25 ಪರೀಕ್ಷೆಗಳನ್ನು ಒಟ್ಟಿಗಿಟ್ಟು ನೋಡಿದರು. ನೋವು ಮತ್ತು ಓಡಾಟದಲ್ಲಿ ಸ್ವಲ್ಪ ಸುಧಾರಣೆ ಇರಬಹುದು, ಆದರೆ ಪುರಾವೆ ಗಟ್ಟಿಯಿಲ್ಲ ಅಂದರು. ಮುಂದೆ ಇನ್ನೂ ಒಳ್ಳೆಯದು ಬರಬಹುದು. ಸಂಶೋಧನೆ ನಡೆಯಲಿ. ಪರೀಕ್ಷೆ ಅಂತ ಹೇಳಿ, ದುಡ್ಡು ಕೇಳದೆ, ನಿಯಮದ ಪ್ರಕಾರ ಕರೆದರೆ ನಾನೇ ಹೋಗಿ ಮಂಡಿ ಒಡ್ಡಬಹುದು. ಪರೀಕ್ಷೆಯ ಹಂತದಲ್ಲಿರುವುದನ್ನು ಪೂರ್ತಿ ದುಡ್ಡು ತಗೊಂಡು ಖಾತ್ರಿ ಮಾಲಿನ ಹಾಗೆ ಮಾರುತ್ತಾರಲ್ಲ, ನನ್ನ ತಕರಾರು ಅದಕ್ಕೆ.

ಅದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. "ಆಪರೇಷನ್‌ಗೆ ಬದಲು ಸ್ಟೆಮ್ ಸೆಲ್" ಅನ್ನುತ್ತಾರೆ. ಆ ಬದಲು ಅನ್ನುವ ಪದವೇ ಮೋಸ ಅಂತ ನನಗನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಆಪರೇಷನ್ ಬೇಕು ಅಂತ ಯಾರಿಗೆ ಹೇಳುತ್ತಾರೆ? ಅಕ್ಕನಂಥವರಿಗೆ, ಮೂಳೆಗೆ ಮೂಳೆ ಉಜ್ಜುವವರಿಗೆ. ಅವರ ಮಂಡಿಯಲ್ಲಿ ರಿಪೇರಿ ಮಾಡಲು ಏನೂ ಉಳಿದೇ ಇಲ್ಲ. ಸ್ಟೆಮ್ ಸೆಲ್‌ನಿಂದ ಸ್ವಲ್ಪ ಉಪಯೋಗ ಆಗುವುದಾದರೆ ಅದು ನನ್ನಂಥವರಿಗೆ, ಸವೆತ ಶುರುವಾದವರಿಗೆ. ನನಗೆ ಆಪರೇಷನ್ ಅಂತ ಯಾರೂ ಹೇಳಿಯೇ ಇಲ್ಲ! ಯಾರಿಗೆ ಆಪರೇಷನ್ ಬೇಕೋ ಅವರಿಗೆ ಇದು ನಾಟುವುದಿಲ್ಲ, ಯಾರಿಗೆ ನಾಟಬಹುದೋ ಅವರಿಗೆ ಆಪರೇಷನ್ ಬೇಕಿಲ್ಲ. ಹಾಗಿದ್ದ ಮೇಲೆ ಇದು ಯಾವುದಕ್ಕೆ ಬದಲು? ಅಕ್ಕನ ಭಯಕ್ಕೆ, ನನ್ನ ಸೋಮಾರಿತನಕ್ಕೆ. ಆ ಕೌನ್ಸೆಲರ್ ಇಬ್ಬರಿಗೂ ಒಂದೇ ಪ್ಯಾಕೇಜ್ ಹೇಳಿದ್ದು ಮಂಡಿ ನೋಡಿ ಅಲ್ಲ, ಮುಖ ನೋಡಿ.

ಕೀಲುನೋವೆಲ್ಲ ಒಂದೇ ಅಲ್ಲ, ಇದನ್ನೂ ಹೇಳಬೇಕು. ತೊಡೆಮೂಳೆಯ ತಲೆಗೆ ರಕ್ತ ಹೋಗದೆ ಅದು ಸಾಯುವ ಕಾಯಿಲೆ ಇದೆ, ಎವಿಎನ್ ಅನ್ನುತ್ತಾರೆ. ಅದರಲ್ಲಿ ಮೂಳೆ ಕುಸಿಯುವ ಮುಂಚೆ ತೂತು ಕೊರೆದು ಮಜ್ಜೆಯ ಕೋಶ ತುಂಬುವ ವಿಧಾನ ತುಂಬಾ ಕಾಲದಿಂದ ಇದೆ. ದಕ್ಷಿಣ ಕೊರಿಯಾದಲ್ಲಿ ಹೊಕ್ಕುಳಬಳ್ಳಿ ರಕ್ತದ ಕೋಶಗಳಿಂದ ಮಾಡಿದ ಮಂಡಿಯ ಔಷಧವೊಂದಕ್ಕೆ 2012ರಲ್ಲೇ ಅನುಮತಿ ಸಿಕ್ಕಿದೆ. ಅದನ್ನು ಹಾಕುವುದು ಹೇಗೆ ಗೊತ್ತಾ? ಆಪರೇಷನ್ ಮಾಡಿ, ಮಂಡಿ ತೆರೆದು. ಅಮೆರಿಕದ ಎಫ್‌ಡಿಎ ಮಾತ್ರ ಸವೆದ ಕೀಲಿಗೆ ಅಂತ ಇವತ್ತಿಗೂ ಒಂದೇ ಒಂದು ಸ್ಟೆಮ್ ಸೆಲ್ ಔಷಧಕ್ಕೂ ಒಪ್ಪಿಗೆ ಕೊಟ್ಟಿಲ್ಲ.

"ಆದರೆ ಹಾನಿ ಏನೂ ಇಲ್ವಲ್ಲ, ಟ್ರೈ ಮಾಡೋದ್ರಲ್ಲಿ ತಪ್ಪೇನು" ಅಂತ ಕೇಳುವವರಿದ್ದಾರೆ. 2018ರಲ್ಲಿ ಅಮೆರಿಕದಲ್ಲಿ ಹೊಕ್ಕುಳಬಳ್ಳಿ ರಕ್ತದಿಂದ ಮಾಡಿದ ಇಂಥ ಇಂಜೆಕ್ಷನ್ ತಗೊಂಡ 12 ಜನ ಸೋಂಕು ತಗುಲಿ ಆಸ್ಪತ್ರೆ ಸೇರಿದರು. ಬಾಟಲಿಯಲ್ಲೇ ಬ್ಯಾಕ್ಟೀರಿಯಾ ಇತ್ತು. ಇಂಥದ್ದು ಅಪರೂಪ, ಒಪ್ಪುತ್ತೇನೆ. ದಿನಾ ಆಗುವ ಹಾನಿ ಬೇರೆ. ಕೈಯಲ್ಲಿರುವ ಗಂಟು ಕರಗುತ್ತದೆ. ಕಾಯುತ್ತಾ ಕಾಯುತ್ತಾ ತೊಡೆ ಸೊರಗುತ್ತದೆ, ಕಾಲು ಇನ್ನಷ್ಟು ಬಾಗುತ್ತದೆ. ಕೊನೆಗೆ ಆಪರೇಷನ್ ಮಾಡಿಸಿಕೊಳ್ಳುವ ಹೊತ್ತಿಗೆ ಚೇತರಿಸಿಕೊಳ್ಳುವುದು ಇನ್ನೂ ಕಷ್ಟ.

ಆಪರೇಷನ್ ಹೂವಿನ ಹಾಸಿಗೆ ಅಂತ ನಾನು ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ನಂಬುತ್ತಲೂ ಇರಲಿಲ್ಲ. ಮಂಡಿ ಬದಲಿಸಿಕೊಂಡ ಐವರಲ್ಲಿ ಸುಮಾರು ಒಬ್ಬರಿಗೆ ಪೂರ್ತಿ ಸಮಾಧಾನ ಇರುವುದಿಲ್ಲ. ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಮಂಡಿ ಬಿಗಿಯುವುದು, ಎಲ್ಲ ಸಾಧ್ಯ. ಇನ್ನೊಂದು ಕಡೆ, ಹಾಕಿದ ಮಂಡಿಗಳಲ್ಲಿ ಶೇ. 82ರಷ್ಟು 25 ವರ್ಷ ಬಾಳುತ್ತವೆ ಅಂತ 2019ರ ಒಂದು ದೊಡ್ಡ ಲೆಕ್ಕ ಹೇಳುತ್ತದೆ. ನನ್ನ ಮನಸ್ಸಿಗೆ ನಾಟಿದ್ದು ಡೆನ್ಮಾರ್ಕಿನಲ್ಲಿ ನಡೆದ, 2015ರಲ್ಲಿ ಬಂದ ಪರೀಕ್ಷೆ. 100 ಜನ. ಅರ್ಧ ಜನಕ್ಕೆ ಆಪರೇಷನ್ ಜೊತೆಗೆ ವ್ಯಾಯಾಮ, ತೂಕ ಇಳಿಸುವ ಸಲಹೆ ಎಲ್ಲ. ಉಳಿದವರಿಗೆ ಆಪರೇಷನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ. ಒಂದು ವರ್ಷದಲ್ಲಿ ಆಪರೇಷನ್ ಆದವರಲ್ಲಿ ಶೇ. 85 ಜನ ಎದ್ದು ಕಾಣುವಷ್ಟು ಸುಧಾರಿಸಿದರು. ಆಗದವರಲ್ಲಿ? ಶೇ. 68. ತೊಂದರೆಗಳು ಆಪರೇಷನ್ ಆದವರಲ್ಲೇ ಜಾಸ್ತಿ. ಅಂದರೆ ಆಪರೇಷನ್ ಗೆದ್ದಿತು, ಆದರೆ ವ್ಯಾಯಾಮ ಸೋಲಲಿಲ್ಲ. ನಿಜವಾದ ಬದಲು ಯಾವುದಾದರೂ ಇದ್ದರೆ ಅದು ಇದೇ. ಇದಕ್ಕೆ ಯಾರೂ ವಿಡಿಯೋ ಮಾಡಿ ಕಳಿಸುವುದಿಲ್ಲ, ಮಾರಲು ಏನೂ ಇಲ್ಲವಲ್ಲ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋ ಇಳಿಯುತ್ತದಂತೆ. ಇದನ್ನು ಓದಿದ ದಿನ ನಾನು ತೂಕದ ಮೆಷಿನ್ನನ್ನು ಮಂಚದ ಕೆಳಗಿನಿಂದ ಹೊರಗೆ ತೆಗೆದೆ.

ಇಷ್ಟೆಲ್ಲ ಓದಿಯೂ ನಿಮಗೆ ಹಾಕಿಸಿಕೊಳ್ಳಬೇಕು ಅನ್ನಿಸಿದರೆ ನಾನು ತಡೆಯುವವನಲ್ಲ. ಹೋದಾಗ ಒಂದಿಷ್ಟು ಕೇಳಿ. ನನ್ನ ಗ್ರೇಡ್ ಎಷ್ಟು, ಈ ಗ್ರೇಡಿನವರಿಗೆ ಒಂದು ವರ್ಷದ ಮೇಲೆ ಏನಾಗಿದೆ ಅಂತ ಕೇಳಿ. ಯಾವ ಕೋಶ, ಎಲ್ಲಿಂದ ತೆಗೆದದ್ದು, ಜೀವಂತ ಇದೆಯಾ ಅಂತ ಯಾರು ಎಣಿಸಿದ್ದು ಅಂತ ಕೇಳಿ. ಇದಕ್ಕೆ ಸರ್ಕಾರದ ಅನುಮತಿ ಇದೆಯಾ ಅಂತ ಬರಹದಲ್ಲಿ ಕೇಳಿ. ಯಾರಿಗಾದರೂ ಬೇಡ ಅಂತ ವಾಪಸ್ ಕಳಿಸಿದ್ದೀರಾ ಅಂತಲೂ ಕೇಳಿ. ಎಲ್ಲರನ್ನೂ ಒಳಗೆ ಕರೆಯುವ ಜಾಗದಿಂದ ನಾನಂತೂ ಹೊರಗೆ ಬರುತ್ತೇನೆ.

ಅಲ್ಲಿಂದ ಮತ್ತೆ ಫೋನ್ ಬಂತು, ರಿಯಾಯಿತಿ ಈ ತಿಂಗಳಿಗೆ ಮುಗಿಯುತ್ತೆ ಅಂತ. ಅಕ್ಕನೇ ಎತ್ತಿದಳು. "ನನಗೆ ಯಾವ ಗ್ರೇಡ್ ಇದೆ ಹೇಳಿ ನೋಡೋಣ" ಅಂದಳು. ಆ ಕಡೆಯವರು ಫೈಲ್ ನೋಡಿ ಹೇಳುತ್ತೇವೆ ಅಂದರು. ಅವಳು ಇಟ್ಟುಬಿಟ್ಟಳು.

ಬಲ ಮಂಡಿಯ ಆಪರೇಷನ್‌ಗೆ ಮುಂದಿನ ತಿಂಗಳು ದಿನ ಗೊತ್ತಾಗಿದೆ. ಭಯ ಹೋಗಿಲ್ಲ, ರಾತ್ರಿ ಎದ್ದು ಕೂರುತ್ತಾಳೆ. ಎಡದ್ದನ್ನು ಸದ್ಯಕ್ಕೆ ಮುಟ್ಟುವುದು ಬೇಡ ಅಂತ ಡಾಕ್ಟರೇ ಹೇಳಿದ್ದಾರೆ. ಅಲ್ಲಿಯವರೆಗೆ ತೊಡೆ ಗಟ್ಟಿ ಮಾಡಿಕೊಳ್ಳಲಿ ಅಂತ ಫಿಸಿಯೋದವರು ಕಾಲು ನೆಟ್ಟಗೆ ಚಾಚಿ ಎತ್ತುವ ವ್ಯಾಯಾಮ ಕೊಟ್ಟಿದ್ದಾರೆ. ಜೊತೆಗೆ ನನ್ನನ್ನೂ ಕೂರಿಸಿಕೊಳ್ಳುತ್ತಾಳೆ, ಒಬ್ಬಳೇ ಮಾಡಲ್ಲ ಅಂತ ಹಠ. ನಿನ್ನೆ ಅವಳು 15 ಸಲ ಎತ್ತಿದಳು. ನಾನು 11ಕ್ಕೇ ಕಾಲು ಕೆಳಗಿಟ್ಟೆ. "ಗ್ರೇಡ್ 2 ಅಂತೆ ಗ್ರೇಡ್ 2" ಅಂತ ನಕ್ಕಳು.