ಕಡಿಮೆ ಕಿಲೋಮೀಟರ್ ಅನ್ನೋದು ಹೆಗ್ಗಳಿಕೆ ಅಲ್ಲ

ನಿನ್ನೆ ನೋಡಿದ್ದು ಇನ್ನೂ ತಲೆಯಿಂದ ಇಳಿದಿಲ್ಲ. ಬರಹ ಉದ್ದವಾಗುತ್ತೆ, ಪುರುಸೊತ್ತು ಇದ್ದವರು ಓದಿ.

ಗೆಳೆಯನಿಗೆ ಒಂದು ಸೆಕೆಂಡ್ ಹ್ಯಾಂಡ್ ಡುಕಾಟಿ ಬೈಕ್ ಬೇಕಿತ್ತು. ಗಾಡಿ ನೋಡೋದಕ್ಕೆ ನನ್ನನ್ನೂ ಎಳೆದುಕೊಂಡು ಹೋದ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್. ಎರಡನೇ ಬೇಸ್‌ಮೆಂಟ್‌ನಲ್ಲಿ ಕಂಬದ ಹಿಂದೆ ಗಾಡಿ. ಓನರ್ ಒಂದು ಕವರ್ ತೆಗೆದರು. ಒಳಗೆ ಇನ್ನೊಂದು ಕವರ್. ಅದನ್ನೂ ತೆಗೆದರು. 2018ರ ಸೂಪರ್‌ಸ್ಪೋರ್ಟ್ ಅನ್ನೋ ಮಾದರಿ, ಕೆಂಪು. ನನ್ನದೂ ಅದೇ ಮಾದರಿ, ಅದೇ ಬಣ್ಣ. ಬ್ಯಾಟರಿ ಸತ್ತಿತ್ತು. ಜಂಪ್ ಸ್ಟಾರ್ಟರ್ ಹಚ್ಚಿ ಮೀಟರ್ ಆನ್ ಮಾಡಿದರು. ಮೂರು ಸಾವಿರ ಕಿಲೋಮೀಟರ್ ಕೂಡ ಆಗಿರಲಿಲ್ಲ.

"ಒಂದು ಹನಿ ಮಳೆ ಬಿದ್ದಿಲ್ಲ ಸರ್. ಮಗು ಥರ ನೋಡ್ಕೊಂಡಿದ್ದೀನಿ" ಅಂದರು. ಮುಖದ ತುಂಬಾ ಹೆಮ್ಮೆ.

ನನಗೆ ಸಿಟ್ಟು ನೆತ್ತಿಗೇರಿತು. ಯಾವ ಮಗುವನ್ನು ಯಾರು ಏಳೆಂಟು ವರ್ಷ ಬೇಸ್‌ಮೆಂಟ್‌ನಲ್ಲಿ ಮುಚ್ಚಿಡುತ್ತಾರೆ? ಅಲ್ಲಿ ಬಾಯಿ ಬಿಡಲಿಲ್ಲ, ಗೆಳೆಯನ ಮುಖ ನೋಡಿ ಸುಮ್ಮನಾದೆ. ಇಲ್ಲಿ ಹೇಳುತ್ತೇನೆ. ಓಡಿಸದೆ ಇಟ್ಟ ಗಾಡಿ ಹೊಸ ಗಾಡಿ ಅಲ್ಲ. ಅದೂ ಹಳೇ ಗಾಡಿಯೇ. ಹಳೆಯದಾಗಿರುವುದು ಮೀಟರ್‌ನಲ್ಲಿ ಕಾಣಿಸಲ್ಲ, ಅಷ್ಟೇ.

ಬಗ್ಗಿ ಟೈರ್ ನೋಡಿದೆ. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 0918 ಅಂತಿತ್ತು. ಅಂದರೆ 2018ರ ಒಂಬತ್ತನೇ ವಾರ. ಗಾಡಿಯ ಜೊತೆಗೇ ಬಂದ ಪಿರೆಲ್ಲಿ ಟೈರ್. ಹೊಸ ಟೈರ್‌ನ ಅಂಚಿಗಿರುವ ಸಣ್ಣ ರಬ್ಬರ್ ಮುಳ್ಳುಗಳು ಹಾಗೇ ಇದ್ದವು. ಅಂದರೆ ಆ ಗಾಡಿ ಇಷ್ಟು ವರ್ಷದಲ್ಲಿ ಒಂದು ತಿರುವಿನಲ್ಲೂ ಸರಿಯಾಗಿ ಬಾಗಿಲ್ಲ. ಟೈರ್‌ನ ಗೀರುಗಳ ತಳದಲ್ಲಿ ಸಣ್ಣ ಸಣ್ಣ ಬಿರುಕು. ಉಗುರು ಒತ್ತಿದೆ, ಗುರುತೇ ಬೀಳಲಿಲ್ಲ. ಅಷ್ಟು ಗಡುಸಾಗಿತ್ತು. ನೋಡುವವರಿಗೆ ಟೈರ್ ಸವೆದೇ ಇಲ್ಲ. ಒದ್ದೆ ರಸ್ತೆಯಲ್ಲಿ ಅದನ್ನು ನಂಬಿ ಬಾಗಿಸಿದರೆ ಮೂಳೆ ಮುರಿಯುತ್ತೆ.

ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿ ನೋಡಿದೆ. ಹೊಸ ಆಯಿಲ್ ತಿಳಿ ಹಳದಿ ಇರುತ್ತೆ. ಇಲ್ಲಿ ಕಡು ಕಂದು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಗಾಡಿ ಓಡಿದರೂ ಹೀರುತ್ತೆ, ನಿಂತರೂ ಹೀರುತ್ತೆ. ತೇವ ಸೇರಿದಷ್ಟೂ ಅದು ಬೇಗ ಕುದಿಯುತ್ತೆ. ಘಾಟಿ ಇಳಿಯುವಾಗ ಕುದಿದರೆ ಲಿವರ್ ಹ್ಯಾಂಡಲ್‌ವರೆಗೂ ಬರುತ್ತೆ, ಗಾಡಿ ಮಾತ್ರ ನಿಲ್ಲಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಹೇಳುವುದು ಅದಕ್ಕೇ. ಆಮೇಲೆ ಟ್ಯಾಂಕ್ ಮುಚ್ಚಳ ತೆಗೆಸಿದೆ. ಪೆಟ್ರೋಲ್ ವಾಸನೆಯೇ ಇಲ್ಲ, ಹಳೇ ವಾರ್ನಿಷ್ ವಾಸನೆ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ಗೆ 20% ಎಥೆನಾಲ್ ಬೆರೆಸಿರುತ್ತಾರೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತೆ. ಓಡುವ ಗಾಡಿಯಲ್ಲಿ ಪೆಟ್ರೋಲ್ ಬರುತ್ತೆ, ಹೋಗುತ್ತೆ. ತಿಂಗಳುಗಟ್ಟಲೆ ನಿಂತ ಟ್ಯಾಂಕ್‌ನಲ್ಲಿ ನೀರು ತಳ ಸೇರುತ್ತೆ. ಆಮೇಲೆ ಪಂಪ್, ಇಂಜೆಕ್ಟರ್ ಎಲ್ಲಕ್ಕೂ ಕುತ್ತು.

"ಇಂಜಿನ್ ಬೆಲ್ಟ್ ಯಾವಾಗ ಹೊಸದು ಹಾಕ್ಸಿದ್ರಿ?" ಅಂತ ಕೇಳಿದೆ.

"ಅದು ಮೂವತ್ತು ಸಾವಿರಕ್ಕಲ್ವಾ ಸರ್? ಇನ್ನೂ ಮೂರೂ ಆಗಿಲ್ಲ."

ನನ್ನ ಸಿಟ್ಟಿಗೆಲ್ಲ ಮೂಲ ಈ ಮಾತು. ಈ ಇಂಜಿನ್‌ಗೆ ಬೆಲ್ಟ್ ಬದಲಾಯಿಸಬೇಕಾದ್ದು 30,000 ಕಿಲೋಮೀಟರ್‌ಗೆ ಅಥವಾ 5 ವರ್ಷಕ್ಕೆ, ಯಾವುದು ಮೊದಲು ಬರುತ್ತೋ ಅದಕ್ಕೆ. ಕಿಲೋಮೀಟರ್ ಲೆಕ್ಕ ಎಲ್ಲರಿಗೂ ನೆನಪಿರುತ್ತೆ. ವರ್ಷದ ಲೆಕ್ಕ ಯಾರಿಗೂ ಬೇಡ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 937 ಸಿಸಿ, ಎರಡು ಸಿಲಿಂಡರ್. ಒಂದು ಮುಂದಕ್ಕೆ ಹೆಚ್ಚುಕಡಿಮೆ ಮಲಗಿರುತ್ತೆ, ಇನ್ನೊಂದು ನೆಟ್ಟಗೆ ನಿಂತಿರುತ್ತೆ. ನಡುವೆ 90 ಡಿಗ್ರಿ. ಎರಡರ ವಾಲ್ವ್‌ಗಳನ್ನೂ, ಅಂದರೆ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಬಾಗಿಲುಗಳನ್ನು, ಆಡಿಸುವುದು ಹಲ್ಲುಗಳಿರುವ ಎರಡು ರಬ್ಬರ್ ಬೆಲ್ಟ್. ಬೇರೆ ಗಾಡಿಗಳಲ್ಲಿ ವಾಲ್ವ್ ತೆರೆಯುವುದು ಕ್ಯಾಮ್ ಅನ್ನುವ ತಿರುಗುವ ಉಬ್ಬು, ಮುಚ್ಚುವುದು ಸ್ಪ್ರಿಂಗ್. ಇಲ್ಲಿ ಮುಚ್ಚುವುದಕ್ಕೂ ಬೇರೆ ಕ್ಯಾಮ್, ಅದರ ತಳ್ಳನ್ನು ವಾಲ್ವ್‌ಗೆ ದಾಟಿಸುವ ಬೇರೆ ರಾಕರ್. ಡೆಸ್ಮೊ ಅನ್ನುವುದು ಇದಕ್ಕೇ. 1954ರಲ್ಲಿ ಡುಕಾಟಿ ಸೇರಿದ ಫ್ಯಾಬಿಯೊ ತಾಲ್ಯೋನಿ ಎಂಬ ಇಂಜಿನಿಯರ್ ಅದನ್ನು ಅಲ್ಲಿ ತಂದವರು. ಇಂಜಿನ್ ತುಂಬಾ ವೇಗವಾಗಿ ತಿರುಗಿದರೆ ಆ ಕಾಲದ ಸ್ಪ್ರಿಂಗ್‌ಗಳು ತಡೆಯುತ್ತಿರಲಿಲ್ಲ, ವಾಲ್ವ್ ಹೊತ್ತಿಗೆ ಸರಿಯಾಗಿ ಮುಚ್ಚುತ್ತಿರಲಿಲ್ಲ. ಇವರ 125 ಸಿಸಿ ಡೆಸ್ಮೊ 1956ರಲ್ಲಿ ಸ್ವೀಡನ್‌ನ ಗ್ರಾಂ ಪ್ರೀ ಗೆದ್ದಿತು. ನಮ್ಮ ಗಾಡಿಯೊಳಗೆ ಇವತ್ತಿಗೂ ಓಡುತ್ತಿರುವುದು ಅದೇ ಉಪಾಯ.

ಈಗ ಆ ಬೆಲ್ಟ್ ನೋಡಿ. ಸಣ್ಣ ರೋಲರ್ ಸುತ್ತ ಬಿಗಿಯಾಗಿ ಬಾಗಿಕೊಂಡಿರುತ್ತೆ. ಗಾಡಿ ಓಡುತ್ತಿದ್ದರೆ ಬಾಗುವ ಜಾಗ ಬದಲಾಗುತ್ತಿರುತ್ತೆ. ವರ್ಷಗಟ್ಟಲೆ ನಿಂತರೆ ಬಾಗಿದ ಕಡೆಯೇ ಬಾಗಿ ರಬ್ಬರ್ ಗಟ್ಟಿಯಾಗುತ್ತೆ. ಒಂದು ದಿನ ಹರಿದರೆ, ಇಲ್ಲಾ ನಾಲ್ಕು ಹಲ್ಲು ಕಿತ್ತು ಹೋದರೆ, ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತೆ. ಇಂಜಿನ್ ಕಥೆ ಅಲ್ಲಿಗೆ ಮುಗಿಯಿತು. ಓನರ್ ಸ್ಟಾರ್ಟ್ ಮಾಡಿ ಸೌಂಡ್ ಕೇಳಿಸುತ್ತೇನೆ ಅಂತ ಹೊರಟಿದ್ದರು. ಬೇಡ ಅಂತ ಕೈ ಹಿಡಿದೆ. ಕೀ ಆಫ್ ಮಾಡಿಸಿದ ಮೇಲೇ ನನ್ನ ಎದೆಬಡಿತ ಇಳಿದಿದ್ದು.

ಇವರಿಗೆಲ್ಲ ಇದು ಶೋಕೇಸ್‌ನಲ್ಲಿಡುವ ವಸ್ತು. ಡುಕಾಟಿಯ ಚರಿತ್ರೆಯಲ್ಲಿ ಶೋಕೇಸ್‌ಗೆ ಜಾಗವೇ ಇಲ್ಲ. 1926ರಲ್ಲಿ ಬೊಲೊನ್ಯಾದಲ್ಲಿ ರೇಡಿಯೋ ಬಿಡಿಭಾಗ ಮಾಡುತ್ತಿದ್ದ ಕಂಪನಿ ಅದು. ಯುದ್ಧದಲ್ಲಿ ಫ್ಯಾಕ್ಟರಿ ಮೇಲೆ ಬಾಂಬ್ ಬಿತ್ತು. ಯುದ್ಧ ಮುಗಿದು, ಜನರ ಹತ್ತಿರ ಓಡಾಡೋಕೆ ಏನೂ ಇಲ್ಲದಿದ್ದಾಗ, 1946ರಲ್ಲಿ ಕುಚ್ಚೋಲೋ ಎಂಬ ಪುಟ್ಟ ಇಂಜಿನ್ ಕೈಗೆತ್ತಿಕೊಂಡರು. ಸೈಕಲ್‌ಗೆ ಕಟ್ಟಿಕೊಂಡು ಕೆಲಸಕ್ಕೆ ಹೋಗುವವರಿಗಾಗಿ. ಆಮೇಲೆ ಹೆಸರು ಬಂದಿದ್ದು ಮೋಟೊಜಿರೊ ರೇಸ್‌ನಿಂದ. ಅದು ಟ್ರ್ಯಾಕ್ ಮೇಲಿನ ರೇಸ್ ಅಲ್ಲ. ದಿನಗಟ್ಟಲೆ ಇಟಲಿಯ ಊರೂರು, ಗುಡ್ಡ, ಹಳ್ಳಿ ದಾಟಿ ಸಾಮಾನ್ಯ ರಸ್ತೆಯಲ್ಲೇ ಓಡುವುದು. 1955ರಲ್ಲಿ 100 ಸಿಸಿ ವರ್ಗದಲ್ಲಿ ತಾಲ್ಯೋನಿ ಮಾಡಿದ ಗಾಡಿ ಗೆದ್ದಿತು. 1957ರಲ್ಲಿ ಲಿಯೊಪೊಲ್ಡೊ ತಾರ್ತರೀನಿ, ಜಾರ್ಜೋ ಮೊನೆಟ್ಟಿ ಅಂತ ಇಬ್ಬರು 175 ಸಿಸಿ ಡುಕಾಟಿ ಹತ್ತಿ ಜಗತ್ತು ಸುತ್ತೋಕೆ ಹೊರಟರು. ಸುಮಾರು 60,000 ಕಿಲೋಮೀಟರ್. ಆಗಿನ ರಸ್ತೆ, ಆಗಿನ ಟೈರ್, ಆಗಿನ ಪೆಟ್ರೋಲ್. ಅವರ ಗಾಡಿಗೆ ಎಷ್ಟು ಹನಿ ಮಳೆ ಬಿದ್ದಿರಬಹುದು ಯೋಚನೆ ಮಾಡಿ.

ಹೀಗೆ ಹೇಳಿದಾಗೆಲ್ಲ ಒಂದೇ ಉತ್ತರ. "ನಮ್ ರಸ್ತೆಗೆ ಇವು ಸರಿಹೋಗಲ್ಲ ಗುರು."

ಪೇಟೆಯೊಳಗೆ ಕಷ್ಟ, ಒಪ್ಪುತ್ತೇನೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹಿಂದಿನ ಸಿಲಿಂಡರ್ ಶಾಖಕ್ಕೆ ತೊಡೆ ಬೇಯುತ್ತೆ. 3,000 ಆರ್‌ಪಿಎಂ ಕೆಳಗೆ ಇಂಜಿನ್ ಜಗ್ಗಾಡುತ್ತೆ. ಕ್ಲಚ್ ಹಿಡಿದು ಹಿಡಿದು ಎಡಗೈ ಸೋಲುತ್ತೆ. ಅದಕ್ಕೆ ಬೆಳಗ್ಗೆ ಐದಕ್ಕೇ ಹೊರಡಿ. ನೆಲಮಂಗಲ ದಾಟಿದ ಮೇಲೆ ಈ ಮೂರೂ ತೊಂದರೆ ಇಲ್ಲ. ಹಂಪ್‌ಗೆ ತಳ ತಾಗುತ್ತೆ ಅನ್ನುವವರು ಒಮ್ಮೆಯಾದರೂ ನಿಮ್ಮ ತೂಕಕ್ಕೆ ಸರಿಯಾಗಿ ಸಸ್ಪೆನ್ಷನ್ ಸೆಟ್ ಮಾಡಿಸಿದ್ದೀರಾ? ಲಗೇಜ್ ಕಟ್ಟಿದಾಗ ಹಿಂದಿನ ಸ್ಪ್ರಿಂಗ್‌ನ ಬಿಗಿ, ಅಂದರೆ ಪ್ರೀಲೋಡ್, ಎರಡು ಸುತ್ತು ಹೆಚ್ಚಿಸಿದ್ದೀರಾ? ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್ ಬಿಡುತ್ತಿಲ್ಲ ಅನ್ನುವುದೂ ನಿಜ, ಅದರ ಬೇಜಾರು ನನಗೂ ಇದೆ. ಆದರೆ ಗಂಟೆಗಟ್ಟಲೆ ನೆಟ್ಟಗೆ ಹೋಗೋಕೆ ಈ ಗಾಡಿ ಬೇಕಾ? ಹಾಸನದ ರಸ್ತೆ ತೆರೆದೇ ಇದೆಯಲ್ಲ.

ಅದರಲ್ಲೂ ಸೂಪರ್‌ಸ್ಪೋರ್ಟ್ ದೂರ ಹೋಗಲೆಂದೇ ಮಾಡಿದ ಗಾಡಿ. ಡುಕಾಟಿಯದೇ ರೇಸ್ ಥರದ ಗಾಡಿ ಪಾನಿಗಾಲೆಯಲ್ಲಿ ಬೀಳುವ ಹಾಗೆ ಮಣಿಕಟ್ಟಿನ ಮೇಲೆ ಭಾರ ಬೀಳಲ್ಲ, ಹ್ಯಾಂಡಲ್ ಎತ್ತರಕ್ಕಿದೆ. ಮುಂದಿನ ಗ್ಲಾಸ್ ಮೇಲೆ ಕೆಳಗೆ ಮಾಡಬಹುದು. ಪಕ್ಕಕ್ಕೆ ಬ್ಯಾಗ್ ಕಟ್ಟುವ ವ್ಯವಸ್ಥೆ ಕಂಪನಿಯೇ ಕೊಡುತ್ತಿತ್ತು. 16 ಲೀಟರ್ ಟ್ಯಾಂಕ್. ಲೀಟರ್‌ಗೆ 18-20 ಬಂದರೂ ಹಾಸನದಲ್ಲಿ ಒಮ್ಮೆ ತುಂಬಿಸಿದರೆ ಘಾಟಿ ಹತ್ತಿ ಇಳಿದು ಬರಬಹುದು. 95 ಆಕ್ಟೇನ್ ಪೆಟ್ರೋಲ್ ಹಾಕಿ ಅಂತ ಮ್ಯಾನುಯಲ್ ಹೇಳುತ್ತೆ. ಒಳಗಿನ ಊರುಗಳಲ್ಲಿ ಅದು ಸಿಗುವುದು ಕಷ್ಟ, ಅದಕ್ಕೇ ಹಾಸನದಲ್ಲೇ ತುಂಬಿಸಿಕೊಳ್ಳಬೇಕು.

ಅಲ್ಲಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ನೀರುದೋಸೆ ತಿಂದು ಚಾರ್ಮಾಡಿ ಇಳಿಯಿರಿ. ಮಳೆ ಬರಲಿ, ಬಿಡಿ. ಅರ್ಬನ್ ಮೋಡ್‌ಗೆ ಹಾಕಿದರೆ 110 ಕುದುರೆಶಕ್ತಿ 75ಕ್ಕೆ ಇಳಿಯುತ್ತೆ. ಹಿಂದಿನ ಚಕ್ರ ಜಾರದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ಇದೆ, ಎಬಿಎಸ್ ಇದೆ. ಅದನ್ನೆಲ್ಲ ಮಾಡಿಟ್ಟಿರುವುದೇ ಒದ್ದೆ ರಸ್ತೆಗೆ. ಉಜಿರೆಯಲ್ಲಿ ಕಾಫಿ ಕುಡಿದು ವಾಪಸ್ ಹತ್ತುವಾಗ ಎರಡನೇ ಗೇರ್‌ನಲ್ಲಿ ಥ್ರಾಟಲ್ ತೆರೆಯಿರಿ. ಒಂದೊಂದು ತಿರುವು ಮುಗಿದಾಗಲೂ ಕೆಳಗಿನಿಂದ ಯಾರೋ ಎತ್ತಿ ತಳ್ಳಿದಂತೆ ಗಾಡಿ ಮೇಲೇಳುತ್ತೆ. ಪಕ್ಕದ ಬಂಡೆಗೆ ಆ ಸದ್ದು ಬಡಿದು ಹೆಲ್ಮೆಟ್ ಒಳಗೆ ಬರುತ್ತೆ. ಹದಿನೈದು ನಿಮಿಷ ನಾನು ಬೇರೆ ಯಾವುದನ್ನೂ ಯೋಚಿಸುವುದಿಲ್ಲ. ಆಫೀಸ್ ಇಲ್ಲ, ಸಾಲ ಇಲ್ಲ, ಯಾರ ಮೇಲಿನ ಸಿಟ್ಟೂ ಇಲ್ಲ. ಈ ಸುಖ ಬೇಸ್‌ಮೆಂಟ್‌ನಲ್ಲಿ ಸಿಗುತ್ತಾ?

ಮಳೆಯಲ್ಲಿ ಓಡಿಸಿದ ಮೇಲೆ ಕೆಲಸ ಇದೆ, ಇಲ್ಲ ಅನ್ನಲ್ಲ. ಕಳಸದಲ್ಲಿ ಉಳಿದರೆ ಸಂಜೆ ಲಾಡ್ಜ್ ಅಂಗಳದಲ್ಲಿ ಚೈನ್ ಮುಂದೆ ಕೂರುತ್ತೇನೆ. ಸ್ಟ್ಯಾಂಡ್ ಹೊತ್ತುಕೊಂಡು ಹೋಗೋಕಾಗಲ್ಲ. ಗಾಡಿಯನ್ನು ಒಂದು ಗೇಣು ಮುಂದೆ ತಳ್ಳುವುದು, ಬನಿಯನ್ ವೇಸ್ಟ್‌ನಿಂದ ಅಷ್ಟುದ್ದ ಚೈನ್ ಒರೆಸುವುದು, ಮತ್ತೆ ತಳ್ಳುವುದು. ಪೂರ್ತಿ ಒಣಗಿದ ಮೇಲೆ ಒಳಬದಿಯಿಂದ ಲ್ಯೂಬ್ ಹೊಡೆಯುವುದು. ಹಾಗೆ ಕೂತಾಗಲೇ ಬೇರೆ ವಿಷಯಗಳೂ ಕಣ್ಣಿಗೆ ಬೀಳುತ್ತವೆ. ಸಡಿಲಾದ ಒಂದು ಬೋಲ್ಟ್, ತೆಳ್ಳಗಾದ ಬ್ರೇಕ್ ಪ್ಯಾಡ್, ಟೈರ್‌ಗೆ ಚುಚ್ಚಿದ ಮೊಳೆ. ಓಡಿಸುವವನಿಗೆ ಗಾಡಿಯ ಆರೋಗ್ಯ ಗೊತ್ತಿರುತ್ತೆ. ಕವರ್ ಹೊದಿಸಿದವನಿಗೆ ಗೊತ್ತಿರಲ್ಲ.

ನಮ್ಮಪ್ಪನ ಹತ್ತಿರ ಯಜ್ಡಿ ಬೈಕ್ ಇತ್ತು, ಮೈಸೂರಿನಲ್ಲೇ ತಯಾರಾದದ್ದು. ಸಂತೆಗೆ, ಆಸ್ಪತ್ರೆಗೆ, ಮದುವೆಗೆ, ಧರ್ಮಸ್ಥಳಕ್ಕೆ ಎಲ್ಲದಕ್ಕೂ ಅದೇ. ಮೈಸೂರಿನ ಆ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಆಮೇಲೂ ಅಪ್ಪ ಬಿಡಿಭಾಗ ಹುಡುಕಿ ತಂದು ಓಡಿಸಿದರು. ನಾನು ಇಟಲಿಯ ಗಾಡಿ ತಂದಾಗ ಬೆಲೆ ಕೇಳಲಿಲ್ಲ. "ದಿನಾ ತೆಗೀತೀಯೇನೋ?" ಅಂತ ಮಾತ್ರ ಕೇಳಿದರು. ಅವರು ಈಗಿಲ್ಲ. ಈ ವಿಷಯಕ್ಕೆ ನನಗೆ ಇಷ್ಟು ಸಿಟ್ಟು ಯಾಕೆ ಬರುತ್ತೆ ಅಂತ ಕೇಳುವವರಿಗೆ ಇದೂ ಒಂದು ಕಾರಣ.

ದುಡ್ಡಿನ ಮಾತು ಬಂದೇ ಬರುತ್ತೆ. ಓಡಿಸಿದರೆ ಖರ್ಚು ಜಾಸ್ತಿ, ರೀಸೇಲ್ ಬರಲ್ಲ ಅಂತ. ಖರ್ಚು ಇದೆ. ಡೆಸ್ಮೊ ಸರ್ವಿಸ್ ಅಂದರೆ ಮೆಕ್ಯಾನಿಕ್ ಒಂದೊಂದು ವಾಲ್ವ್‌ಗೂ ತೆರೆಯುವ ಕಡೆ, ಮುಚ್ಚುವ ಕಡೆ ಎರಡೂ ಸಂದು ಅಳೆಯಬೇಕು. ಎಂಟು ವಾಲ್ವ್, ಹದಿನಾರು ಅಳತೆ. ಬಿಲ್ ಭಾರವೇ. ನಾನು ತಿಂಗಳು ತಿಂಗಳು ಅದಕ್ಕಂತಲೇ ಎತ್ತಿಡುತ್ತೇನೆ. ಆದರೆ ಅದು 30,000 ಕಿಲೋಮೀಟರ್‌ಗೊಮ್ಮೆ ಬರುವ ಖರ್ಚು. ಒಮ್ಮೆ ಒಂದು ಸಣ್ಣ ಸೆನ್ಸರ್‌ಗೆ ವಾರಗಟ್ಟಲೆ ಕಾದಿದ್ದೇನೆ, ಹೊಟ್ಟೆ ಉರಿದಿದೆ. ಆದರೂ ಆಮದು ಸುಂಕ ಕಟ್ಟಿ, ಜಿಎಸ್‌ಟಿ ಕಟ್ಟಿ, ಅದರ ಮೇಲೆ ನಮ್ಮ ರಾಜ್ಯದ 18% ಲೈಫ್ ಟ್ಯಾಕ್ಸ್ ಕಟ್ಟಿ, ರಸ್ತೆಗೇ ಇಳಿಸದೆ ಇಡುವುದಕ್ಕಿಂತ ದೊಡ್ಡ ನಷ್ಟ ಯಾವುದಿದೆ ಹೇಳಿ? ನನ್ನ ಗಾಡಿ ಎರಡು ಡೆಸ್ಮೊ ಸರ್ವಿಸ್ ಕಂಡಿದೆ. ಟ್ಯಾಂಕ್ ಬದಿಯಲ್ಲಿ ಮೊಣಕಾಲು ಉಜ್ಜಿದ ಗುರುತಿದೆ. ಅದನ್ನು ಪಾಲಿಶ್ ಮಾಡಿಸುವ ಮನಸ್ಸಿಲ್ಲ.

ತಪ್ಪು ಕೊಳ್ಳುವವರದೂ ಇದೆ. ಮೊದಲ ಪ್ರಶ್ನೆಯೇ "ಎಷ್ಟು ಕಿಲೋಮೀಟರ್ ಆಗಿದೆ?" ಅಂತ. ನಾವು ಹಾಗೆ ಕೇಳುವವರೆಗೂ ಜನ ಗಾಡಿ ಮುಚ್ಚಿಟ್ಟು ಜಾಸ್ತಿ ಬೆಲೆ ಹೇಳುತ್ತಲೇ ಇರುತ್ತಾರೆ. ಸರ್ವಿಸ್ ಬಿಲ್ ತೋರಿಸಿ ಅನ್ನಿ. ಬೆಲ್ಟ್ ಹಾಕಿದ ತಾರೀಕು ಕೇಳಿ. ಟೈರ್‌ನ ನಾಲ್ಕು ಅಂಕಿ ಓದಿ. ಬಿಲ್‌ಗಳೆಲ್ಲ ಇರುವ ನಲವತ್ತು ಸಾವಿರದ ಗಾಡಿಯನ್ನು ನಾನು ಕಣ್ಣು ಮುಚ್ಚಿ ತಗೊಳ್ಳುತ್ತೇನೆ. ನಿನ್ನೆಯ ಆ ಮೂರು ಸಾವಿರದ ಗಾಡಿಗೆ ಟೈರ್, ಬೆಲ್ಟ್, ಬ್ಯಾಟರಿ, ಎಲ್ಲಾ ಆಯಿಲ್, ಟ್ಯಾಂಕ್ ಕ್ಲೀನಿಂಗ್ ಅಂತ ಕೂಡಿಸಿದರೆ ಓನರ್ ಹೇಳಿದ ಬೆಲೆಗೆ ಅರ್ಥವೇ ಇಲ್ಲ. ಗೆಳೆಯ ಬಿಟ್ಟು ಬಂದ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ನಿಂತಿದ್ದರೆ ದಯವಿಟ್ಟು ಸೌಂಡ್ ಕೇಳುವ ಆಸೆಗೆ ಸ್ಟಾರ್ಟ್ ಬಟನ್ ಒತ್ತಬೇಡಿ. ಟ್ರಕ್‌ನಲ್ಲಿ ಹಾಕಿ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಕಳಿಸಿ. ಮೊದಲು ಬೆಲ್ಟ್, ಆಮೇಲೆ ಪೆಟ್ರೋಲ್ ಖಾಲಿ ಮಾಡಿಸಿ, ಬ್ರೇಕ್ ಆಯಿಲ್, ಟೈರ್. ಎಲ್ಲ ಮುಗಿದ ಮೇಲೆ ಜೊತೆಗೆ ಬರುವವರಿಲ್ಲ ಅನ್ನಿಸಿದರೆ ನನಗೆ ಮೆಸೇಜ್ ಮಾಡಿ. ಭಾನುವಾರ ಬೆಳಗ್ಗೆ ಐದೂವರೆಗೆ ನೆಲಮಂಗಲದ ಟೋಲ್ ದಾಟಿ ಕಾಯುತ್ತಿರುತ್ತೇನೆ. ಮಳೆ ಬಂದರೂ ಬನ್ನಿ.