ಆಡು ಮುಟ್ಟದ ಸೊಪ್ಪು

ಶಿಕಾಗೋದ ಕಬ್ಸ್ ತಂಡದ ಬೇಸ್‌ಬಾಲ್ ಮೈದಾನ ರಿಗ್ಲಿ ಫೀಲ್ಡ್ ಎಂದು ಬಾಯಿ ಬಿಟ್ಟರೆ ಸಾಕು, ಎದುರಿಗಿದ್ದವರು ಆಡಿನ ಮಾತು ತೆಗೆಯುತ್ತಾರೆ. ಆಡು ಎಂದರೆ ಆಟವಲ್ಲ, ಮೇಕೆ. 1945ರ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲಿನ ವರ್ಷದ ಅಂತಿಮ ಸರಣಿಯ ಪಂದ್ಯಕ್ಕೆ ಬಾರ್ ಮಾಲೀಕನೊಬ್ಬ ತನ್ನ ಆಡನ್ನು ಕರೆತಂದನಂತೆ, ನಾತ ಹೊಡೆಯುತ್ತದೆಂದು ಹೊರಗೆ ಕಳಿಸಿದರಂತೆ, ಅವನು ಶಾಪ ಹಾಕಿದನಂತೆ, ಅದಕ್ಕೇ ಕಬ್ಸ್ ತಂಡ 2016ರವರೆಗೂ ಕಪ್ ಎತ್ತಲಿಲ್ಲವಂತೆ. ಅಂತೆಕಂತೆಗಳ ಸಂತೆ. ಆಡನ್ನು ಗೇಟಿನಲ್ಲೇ ತಡೆದರೋ ಸೀಟಿನಿಂದ ಎಬ್ಬಿಸಿದರೋ ಎನ್ನುವುದರಲ್ಲೂ ಹೇಳುವವರಲ್ಲಿ ಒಮ್ಮತವಿಲ್ಲ.

ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ. 1908ರಲ್ಲಿ ಗೆದ್ದ ಈ ತಂಡ 1910, 1918, 1929, 1932, 1935, 1938, ಹೀಗೆ ಆರು ಸಲ ವರ್ಲ್ಡ್ ಸೀರೀಸ್ ತಲುಪಿ ಆರು ಸಲವೂ ಸೋತಿತ್ತು. ಆಗಿನ್ನೂ ಆ ಆಡಿನ ಸುದ್ದಿಯೇ ಇರಲಿಲ್ಲ. ಆ ಸೋಲುಗಳೆಲ್ಲ ಯಾರ ಶಾಪ? ಮಾತು ಬಾರದ ಪ್ರಾಣಿಯೊಂದರ ಬೆನ್ನಿಗೆ 71 ವರ್ಷದ ಕಳಪೆ ಆಟವನ್ನು ಹೇರಿ ಕೈತೊಳೆದುಕೊಳ್ಳುವುದು ಸುಲಭ.

ಆದ್ದರಿಂದ ಇಲ್ಲಿ ಆಡಿನ ಮಾತಿಲ್ಲ, ಸೊಪ್ಪಿನ ಮಾತು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಒಂದು ಅಪವಾದ ಆ ಮೈದಾನದ ಗೋಡೆಯ ಮೇಲೆ ಹಬ್ಬಿ ನಿಂತಿದೆ. ಸೋಲುವ ತಂಡದ ಮೈದಾನವನ್ನು ಜನ ಯಾಕೆ ಇಷ್ಟು ಹಚ್ಚಿಕೊಂಡರು ಎನ್ನುವುದಕ್ಕೆ ಉತ್ತರವೂ ಆ ಎಲೆಗಳ ಸಂದಿಯಲ್ಲೇ ಎಲ್ಲೋ ಇರಬೇಕು. ಹುಡುಕೋಣ.

ಹಾಗೆ ನೋಡಿದರೆ ಮೈದಾನ ಕಟ್ಟಿದ್ದೇ ಕಬ್ಸ್‌ಗೆಂದಲ್ಲ. ಚಾರ್ಲ್ಸ್ ವೀಗ್‌ಮನ್ ಎಂಬಾತ ಶಿಕಾಗೋದಲ್ಲಿ ಬೇಗ ತಿಂದು ಬೇಗ ಏಳುವ ಊಟದಂಗಡಿಗಳ ಸಾಲನ್ನೇ ನಡೆಸುತ್ತಿದ್ದ, ನಮ್ಮ ದರ್ಶಿನಿಗಳ ದೊಡ್ಡಪ್ಪ ಎನ್ನಿ. ಫೆಡರಲ್ ಲೀಗ್ ಎಂಬ ಹೊಸ ಕೂಟದಲ್ಲಿ ಅವನದೊಂದು ತಂಡವಿತ್ತು. ಲೂಥರನ್ ಪಾದ್ರಿಗಳನ್ನು ತಯಾರು ಮಾಡುವ ಶಾಲೆಯಿದ್ದ ಜಾಗದಲ್ಲಿ 1914ರ ಮಾರ್ಚ್ 4ಕ್ಕೆ ಗುದ್ದಲಿ ಹಾಕಿದರು, ಏಪ್ರಿಲ್ 23ಕ್ಕೆ ಮೊದಲ ಪಂದ್ಯ. ಐವತ್ತು ದಿನ! ನಮ್ಮಲ್ಲಿ ಪೈಪ್ ಹಾಕಲು ಅಗೆದ ಬೀದಿ ಮುಚ್ಚುವುದಕ್ಕೂ ಅಷ್ಟು ದಿನ ಸಾಲದು. ನಕ್ಷೆ ಬರೆದವನು ಜಕರಿ ಟೇಲರ್ ಡೇವಿಸ್. ಊರಿನ ತೆಂಕಣ ಭಾಗದ ಇನ್ನೊಂದು ಬೇಸ್‌ಬಾಲ್ ಮೈದಾನ ಕಮಿಸ್ಕಿ ಪಾರ್ಕ್ ಕೂಡ ಅವನದೇ ಕೈಕೆಲಸ. ಅದನ್ನು 1991ರಲ್ಲಿ ಕೆಡವಿದರು.

ಫೆಡರಲ್ ಲೀಗ್ ಎರಡೇ ವರ್ಷಕ್ಕೆ ಬಾಗಿಲು ಹಾಕಿತು. ವೀಗ್‌ಮನ್ ಪಾಲುದಾರರನ್ನು ಕೂಡಿಸಿಕೊಂಡು ಕಬ್ಸ್ ತಂಡವನ್ನೇ ಕೊಂಡ. ಕಬ್ಸ್ ಎಂದರೆ ಕರಡಿಮರಿಗಳು. 1916ರಲ್ಲಿ ತಂಡ ಇಲ್ಲಿ ಮೊದಲು ಆಡಿದ ದಿನ ನಿಜವಾದ ಕರಡಿಮರಿಯೊಂದು ಮೈದಾನಕ್ಕೆ ಬಂದಿತ್ತು. ಅದನ್ನು ಯಾರೂ ಹೊರಗೆ ಹಾಕಲಿಲ್ಲ ಎಂಬುದನ್ನು ಆಡಿನ ಪಕ್ಷದವರು ಗಮನಿಸಬೇಕು. ಮುಂದೆ ಯಜಮಾನಿಕೆ ಚೂಯಿಂಗ್ ಗಮ್ ದೊರೆ ವಿಲಿಯಂ ರಿಗ್ಲಿಯ ಕೈಸೇರಿ, 1926ರಲ್ಲಿ ಹೆಸರೂ ಅವನದೇ ಆಯಿತು.

ಈಗ 1937ಕ್ಕೆ ಬರೋಣ. ಹಿರಿಯ ರಿಗ್ಲಿ ತೀರಿಕೊಂಡು ಮಗ ಫಿಲಿಪ್ ಯಜಮಾನ. ಔಟ್‌ಫೀಲ್ಡಿನ, ಅಂದರೆ ಬ್ಯಾಟಿನಿಂದ ದೂರದ ಆಟದ ಅಂಚಿನ, ಹಿಂದೆ ಹೊಸ ಗ್ಯಾಲರಿ, ಅದರ ನೆತ್ತಿಯ ಮೇಲೆ ಸ್ಕೋರ್‌ಬೋರ್ಡ್ ಎದ್ದವು. ಫಿಲಿಪ್ಪನಿಗೆ ಮೈದಾನ ಉದ್ಯಾನದಂತಿರಬೇಕು ಎಂಬ ಹುಚ್ಚು. ಸ್ಕೋರ್‌ಬೋರ್ಡಿಗೆ ಏರುವ ಮೆಟ್ಟಿಲುಗಳ ಮೇಲೆ ಕಾಂಕ್ರೀಟ್ ಗುಂಡಿ ಮಾಡಿಸಿ ಚೈನೀಸ್ ಎಲ್ಮ್ ಮರಗಳನ್ನು ನೆಡಿಸಿದ. ಮಿಶಿಗನ್ ಸರೋವರ ಅಲ್ಲಿಂದ ಒಂದು ಮೈಲಿಯೊಳಗೇ ಇದೆ. ಸರೋವರದ ಗಾಳಿ ಬಂತು, ಎಲೆಗಳನ್ನೆಲ್ಲ ಉದುರಿಸಿತು. ಮತ್ತೆ ನೆಟ್ಟರು, ಮತ್ತೆ ಬೋಳು. ನೆಲದಿಂದ ಅಷ್ಟೆತ್ತರದಲ್ಲಿ, ಬೇರಿಳಿಯಲು ಮಣ್ಣಿಲ್ಲದ ಕಾಂಕ್ರೀಟ್ ಡಬ್ಬಿಯಲ್ಲಿ, ನಾಲ್ಕೂ ಕಡೆ ಗಾಳಿಗೆ ತೆರೆದುಕೊಂಡ ಮರ ಬದುಕುವುದಿಲ್ಲ ಎಂದು ಯಾವ ತೋಟದ ಮಾಲಿಯನ್ನು ಕೇಳಿದ್ದರೂ ಹೇಳುತ್ತಿದ್ದ. ಕೇಳಬೇಕಲ್ಲ! ಕೊನೆಗೆ ಬರಿಗುಂಡಿಗಳು ಉಳಿದವು.

ಮರ ಕೈಕೊಟ್ಟರೂ ಬಳ್ಳಿ ಕೈಹಿಡಿಯಿತು. ಆಗ ಕಬ್ಸ್ ಕಚೇರಿಯಲ್ಲಿ ಕೆಲಸಕ್ಕಿದ್ದ ಹುಡುಗ ಬಿಲ್ ವೀಕ್. ಅವನಪ್ಪ ಹಿಂದೆ ತಂಡದ ಅಧ್ಯಕ್ಷರಾಗಿದ್ದವರು. ಇಂಡಿಯಾನಾಪೊಲಿಸ್ಸಿನ ಪೆರಿ ಸ್ಟೇಡಿಯಂನಲ್ಲಿ ಗೋಡೆಗೆ ಬಳ್ಳಿ ಹಬ್ಬಿಸಿದ್ದನ್ನು ಮೆಚ್ಚಿದ್ದ ಅವನು ಇಲ್ಲೂ ಹಬ್ಬಿಸೋಣ ಎಂದಿದ್ದ. ಯಜಮಾನರು ಒಪ್ಪಿ, ದಿಢೀರನೆ ಒಂದು ದಿನ, ನಾಳೆ ಅತಿಥಿಗಳು ಬರುತ್ತಾರೆ, ಬಳ್ಳಿ ಎಲ್ಲಿ, ಎಂದರಂತೆ. ಇದು ವೀಕ್ ಹೇಳಿಕೊಂಡ ಕಥೆ. ಆತ ಮುಂದೆ ಬೇಸ್‌ಬಾಲಿನ ಮಹಾ ಮಾತುಗಾರನೆನಿಸಿಕೊಂಡವನು, ಆದ್ದರಿಂದ ಆ ಒಂದೇ ರಾತ್ರಿಯ ಸಾಹಸವನ್ನು ಸ್ವಲ್ಪ ಸೋಸಿ ಕುಡಿಯಬೇಕು. ಗಿಡಗಳ ಲೆಕ್ಕ ಮಾತ್ರ ಖಚಿತ: 1937ರ ಸೆಪ್ಟೆಂಬರಿನಲ್ಲಿ 350 ಬಿಟರ್‌ಸ್ವೀಟ್, 200 ಬೋಸ್ಟನ್ ಐವಿ.

ಎರಡು ಜಾತಿ ಯಾಕೆ? ಬಳ್ಳಿಗಳು ಹತ್ತುವ ರೀತಿಯಲ್ಲೇ ಭೇದವಿದೆ. ಅವರೆ ಬಳ್ಳಿ ಕೋಲನ್ನು ಸುತ್ತಿಕೊಂಡು ಏರುತ್ತದೆ. ಕೋಲಿಲ್ಲದಿದ್ದರೆ ನೆಲದಲ್ಲೇ ಗೋಜಲು. ಮೆಣಸಿನ ಬಳ್ಳಿ ಗಿಣ್ಣಿನಲ್ಲಿ ಬೇರು ಬಿಟ್ಟು ಅಡಿಕೆ ಮರವನ್ನು ಕಚ್ಚಿ ಹಿಡಿಯುತ್ತದೆ. ಬಿಟರ್‌ಸ್ವೀಟ್ ಅವರೆಯ ಪಂಗಡ. ಬರಿಯ ಇಟ್ಟಿಗೆಯ ಮೇಲೆ ಅದರ ಆಟ ನಡೆಯದು, ತಂತಿ ಬೇಕು. ಅದಕ್ಕೇ ಗೋಡೆಯ ತಲೆಯಿಂದ ಬುಡದವರೆಗೆ ತಾಮ್ರದ ತಂತಿ ಎಳೆದು, ದೀಪ ಕಟ್ಟಿಕೊಂಡು ರಾತ್ರಿಯೆಲ್ಲ ಅದನ್ನು ಹಬ್ಬಿಸಿದರು ಎಂದು ವೀಕ್ ಹೇಳುತ್ತಾನೆ. ಇದು ಮದುವೆ ಚಪ್ಪರಕ್ಕೆ ಬಾಳೆಕಂದು ಕಟ್ಟಿದಂತೆ. ಬೆಳಿಗ್ಗೆ ಬಂದವರ ಕಣ್ಣಿಗೆ ಹಸಿರು ಕಂಡರೆ ಸಾಕು.

ನಿಜವಾದ ಸಂಸಾರ ಹೂಡಿದ್ದು ಬುಡದಲ್ಲಿ ನೆಟ್ಟ ಬೋಸ್ಟನ್ ಐವಿ. ಸೀಮೆಬದನೆ ಬದನೆಯಲ್ಲದ ಹಾಗೆ ಇದು ಬೋಸ್ಟನ್ನಿನದೂ ಅಲ್ಲ, ಐವಿಯೂ ಅಲ್ಲ. ಚೀನಾ, ಜಪಾನ್, ಕೊರಿಯಾದ ಕಡೆಯ ದ್ರಾಕ್ಷಿ ಕುಲದ ಬಳ್ಳಿ. ಅವರೆಯಂತೆ ಸುತ್ತುವುದಿಲ್ಲ, ಮೆಣಸಿನಂತೆ ಬೇರೂರುವುದಿಲ್ಲ. ಅದರ ಕವಲೊಡೆದ ಕುಡಿಗಳ ತುದಿ ಇಟ್ಟಿಗೆಗೆ ತಾಗಿದ್ದೇ ತಡ, ಉಬ್ಬಿ ಪುಟ್ಟ ಬಿಲ್ಲೆಯಾಗಿ ಅಂಟು ಸೂಸಿ ಕೂತುಬಿಡುತ್ತದೆ. ಹಲ್ಲಿಯ ಪಾದ ನೆನಪಿಗೆ ಬರುವ ಆಕಾರ. ಏನೂ ತಾಗದ ಕುಡಿ ಒಣಗಿ ಉದುರುತ್ತದೆ. ಅಂಟಿದ ಬಳ್ಳಿಯನ್ನು ಕಿತ್ತರೆ ಬಳ್ಳಿ ಬರುತ್ತದೆ, ಬಿಲ್ಲೆಗಳು ಗೋಡೆಯಲ್ಲೇ ಉಳಿಯುತ್ತವೆ. ಬಾಡಿಗೆ ಮನೆಯ ಗೋಡೆಗೆ ಮಕ್ಕಳು ಸ್ಟಿಕ್ಕರ್ ಅಂಟಿಸಿದರೆ ಏನಾಗುತ್ತದೋ ಅದೇ.

ಇಲ್ಲೊಂದು ತಕರಾರು. ಚಿತ್ರದಲ್ಲಿ ಹಸಿರು ನೋಡಿಕೊಂಡು ಏಪ್ರಿಲ್‌ನಲ್ಲಿ ಟಿಕೆಟ್ ತೆಗೆದು ಹೋಗಿ, ಬಳ್ಳಿ ಸತ್ತಿದೆ, ಮೋಸ, ಎಂದು ಗೊಣಗುವ ಮಂದಿ ಇದ್ದಾರೆ. ಸ್ವಾಮಿ, ಅದು ಚಳಿಗೆ ಎಲೆಯುದುರುವ ಜಾತಿ. ಬೇಸ್‌ಬಾಲ್ ಶುರುವಾಗುವಾಗ ಗೋಡೆಯ ಮೇಲೆ ಪೊರಕೆ ಕಡ್ಡಿಗಳಷ್ಟೇ. ಮೇ ತಿಂಗಳಲ್ಲಿ ಚಿಗುರು, ಜೂನ್ ಹೊತ್ತಿಗೆ ಇಟ್ಟಿಗೆ ಕಾಣದಷ್ಟು ದಟ್ಟ. ಅಕ್ಟೋಬರಿನಲ್ಲಿ ಕೆಂಪೇರುತ್ತದೆ, ಆ ಬಣ್ಣ ನೋಡಬೇಕಾದರೆ ಅಕ್ಟೋಬರಿನಲ್ಲಿ ಇಲ್ಲಿ ಪಂದ್ಯವಿರಬೇಕು, ಅದಕ್ಕೆ ಕಬ್ಸ್ ಗೆದ್ದಿರಬೇಕು. ಹೀಗಾಗಿ ಬಹುಕಾಲ ಈ ಬಳ್ಳಿಯ ಕೆಂಪನ್ನು ಕಂಡ ಬೇಸ್‌ಬಾಲ್ ಅಭಿಮಾನಿಗಳು ಕಡಿಮೆ.

ಎಲೆಯ ಈ ಪಂಚಾಂಗ ಆಟದ ಫಲವನ್ನೇ ಬದಲಿಸುತ್ತದೆ. ಏಪ್ರಿಲ್‌ನಲ್ಲಿ ಗೋಡೆಗೆ ಬಡಿದ ಚೆಂಡು ಇಟ್ಟಿಗೆಯಿಂದ ಠಣ್ಣನೆ ಚಿಮ್ಮಿ ವಾಪಸು ಬರುತ್ತದೆ. ಅದೇ ಹೊಡೆತ, ಅದೇ ಜಾಗ, ಜುಲೈ ತಿಂಗಳು: ಎಲೆ ಒಮ್ಮೆ ಅಲುಗುತ್ತದೆ, ಚೆಂಡು ಮಾಯ. ಆಗ ಔಟ್‌ಫೀಲ್ಡರ್ ಮಾಡಬೇಕಾದ್ದು ಒಂದೇ ಕೆಲಸ, ಎರಡೂ ಕೈ ಮೇಲೆತ್ತಿ ನಿಲ್ಲುವುದು. ಅಂಪೈರ್ ಅಷ್ಟು ದೂರ ಓಡಿಬಂದು ಎಲೆಗಳೊಳಗೆ ಇಣುಕುತ್ತಾನೆ. ಚೆಂಡು ನಿಜವಾಗಿ ಸಿಕ್ಕಿಕೊಂಡಿದ್ದರೆ, ರನ್ನಿಗಾಗಿ ಸುತ್ತಬೇಕಾದ ನಾಲ್ಕು ನೆಲೆಗಳಲ್ಲಿ ಹೊಡೆದವನಿಗೆ ಎರಡು, ಅಂದರೆ ಎರಡು ಬೇಸ್, ಅಷ್ಟಕ್ಕೇ ನಿಲ್ಲಬೇಕು. ಕೈ ಎತ್ತುವ ಬದಲು ಬಳ್ಳಿಗೆ ಕೈ ಹಾಕಿ ತಡಕಾಡಿದನೋ, ಕೆಟ್ಟ. ಚೆಂಡು ಜೀವಂತ ಎಂದೇ ಲೆಕ್ಕ. ಇವನು ಕಳೆ ಕೀಳುವವನಂತೆ ಬಗ್ಗಿ ನಿಂತಿರುವಾಗ ಅವನು ಒಂದೊಂದೇ ಬೇಸ್ ದಾಟಿ ಓಡುತ್ತಿರುತ್ತಾನೆ. ಹೊಸದಾಗಿ ಬಂದ ಆಟಗಾರರು ಇದರಲ್ಲೇ ಎಡವುತ್ತಾರೆ, ಯಾಕೆಂದರೆ ಚೆಂಡು ಕಂಡರೆ ಕೈ ಹಾಕು ಎಂದೇ ಬಾಲ್ಯದಿಂದ ಕಲಿತಿರುತ್ತಾರೆ. ಸಿಕ್ಕಿಕೊಂಡ ಚೆಂಡು ಕೈ ಎತ್ತುವಷ್ಟರಲ್ಲಿ ತಾನಾಗಿ ಜಾರಿ ಕೆಳಗೆ ಬಿದ್ದರೆ ಆಟ ಮುಂದುವರಿಯುತ್ತದೆ, ಎತ್ತಿದ ಕೈ ಇಳಿಸಿ ಓಡಬೇಕು.

ಕ್ರಿಕೆಟ್ಟಿನವರು ನಗಬೇಡಿ. ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಮೈದಾನದಲ್ಲಿ ಬೌಂಡರಿಯ ಒಳಗೇ ನಿಂಬೆಯ ಹೆಸರು ಹೊತ್ತ, ನಿಂಬೆಯಲ್ಲದ ಲೈಮ್ ಮರವೊಂದಿತ್ತು. ಚೆಂಡು ಮರಕ್ಕೆ ತಾಗಿದರೆ ನಾಲ್ಕು ರನ್. 2005ರ ಗಾಳಿಗೆ ಅದು ಉರುಳುವವರೆಗೂ ನಿಯಮ ಹಾಗೇ ಇತ್ತು.

ಬಳ್ಳಿ ಮೆತ್ತೆಯ ಹಾಗಿರುತ್ತದೆ ಎಂಬುದು ಇನ್ನೊಂದು ಭ್ರಮೆ. ಹನ್ನೊಂದೂವರೆ ಅಡಿ ಎತ್ತರದ ಇಟ್ಟಿಗೆ ಗೋಡೆ ಅದು. ಬೇರೆ ಸ್ಟೇಡಿಯಂಗಳಲ್ಲಿ ಗೋಡೆಗೆ ಹಾಸಿಗೆಯಂಥ ಪ್ಯಾಡ್ ಹೊದಿಸುತ್ತಾರೆ. ಇಲ್ಲಿ ಹೊದಿಸಿದರೆ ಬಳ್ಳಿ ಹೋಗುತ್ತದೆ. ಹಿಂದಕ್ಕೆ ಓಡುತ್ತ ಚೆಂಡು ನೋಡುವ ಆಟಗಾರನಿಗೆ ಎಲೆಯ ಆಳ ಎಷ್ಟು, ಇಟ್ಟಿಗೆ ಎಲ್ಲಿ ಶುರು ಎಂದು ತಿಳಿಯುವುದು ಭುಜ ಬಡಿದ ಮೇಲೆಯೇ. ಕತ್ತರಿ ಹಿಡಿದವರಿಗೂ ಬಿಡುವಿಲ್ಲ. ಗೋಡೆಯ ಮೇಲೆ ಹಳದಿಯಲ್ಲಿ ಬರೆದ 355, 368, 400, 353 ಎಂಬ ಅಡಿ ಲೆಕ್ಕಗಳ ಸುತ್ತ ಎಲೆ ಸವರುತ್ತಿರಬೇಕು. ಮರೆತರೆ ಅಂಕೆಗಳನ್ನು ಬಳ್ಳಿ ನುಂಗುತ್ತದೆ. ಗೋಡೆಯ ತಲೆಯ ಮೇಲೆ 1970ರಲ್ಲಿ ಜಾಲರಿ ಬುಟ್ಟಿ ಕೂರಿಸಿದರು, ಗ್ಯಾಲರಿಯಲ್ಲಿ ಉತ್ಸಾಹ ಹೆಚ್ಚಾದವರು ಮೈದಾನಕ್ಕೆ ಧುಮುಕದಿರಲಿ ಎಂದು. ಆ ಬುಟ್ಟಿಗೆ ಬಿದ್ದ ಚೆಂಡೂ ಹೋಮ್‌ರನ್. ಬಳ್ಳಿಗೆ ಬಿದ್ದರೆ ಎರಡು ಬೇಸ್, ಒಂದು ಗೇಣು ಮೇಲೆ ಬುಟ್ಟಿಗೆ ಬಿದ್ದರೆ ನಾಲ್ಕೂ ಬೇಸ್. ಇದರಲ್ಲಿ ನ್ಯಾಯ ಹುಡುಕಬಾರದು.

ಬಳ್ಳಿಯ ಮಾತು ಉದ್ದವಾಯಿತು. ಸ್ಕೋರ್‌ಬೋರ್ಡಿಗೂ ಎರಡು ಮಾತು ಸಲ್ಲಬೇಕು. 27 ಅಡಿ ಎತ್ತರ, 75 ಅಡಿ ಅಗಲ. ಒಳಗೆ ಏಣಿ ಹತ್ತಿ ಇಳಿಯುತ್ತ ಕೆಲಸದವರು ತಗಡಿನ ಅಂಕೆಗಳನ್ನು ಕೈಯಲ್ಲೇ ಬದಲಿಸುತ್ತಾರೆ. ಬೇಸಿಗೆಯ ಮಧ್ಯಾಹ್ನ ಆ ಉಕ್ಕಿನ ಪೆಟ್ಟಿಗೆಯೊಳಗೆ ಇಡ್ಲಿ ಬೇಯಿಸಬಹುದು. ಪಂದ್ಯ ಮುಗಿದೊಡನೆ ಮೇಲೆ ಬಾವುಟ: ಬಿಳಿಯ ಮೇಲೆ ನೀಲಿ ಡಬ್ಲ್ಯೂ ಕಂಡರೆ ಗೆಲುವು, ನೀಲಿಯ ಮೇಲೆ ಬಿಳಿ ಎಲ್ ಕಂಡರೆ ಸೋಲು, ರೈಲಿನಲ್ಲಿ ಹೋಗುವವರು ಕಿಟಕಿಯಿಂದಲೇ ಫಲಿತಾಂಶ ಓದಿಕೊಳ್ಳುತ್ತಾರೆ. ಬ್ಯಾಟಿನಿಂದ ಹೊರಟ ಯಾವ ಚೆಂಡೂ ಆ ಬೋರ್ಡಿಗೆ ತಾಗಿಲ್ಲ. 1951ರಲ್ಲಿ ಸ್ಯಾಮ್ ಸ್ನೀಡ್ ಬ್ಯಾಟ್ ಬೀಸುವ ಜಾಗವಾದ ಹೋಮ್ ಪ್ಲೇಟಿನ ಬಳಿ ನಿಂತು ಹೊಡೆದು ಮುಟ್ಟಿಸಿದ, ಆದರೆ ಅದು ಗಾಲ್ಫ್ ಚೆಂಡು. ಲೆಕ್ಕಕ್ಕಿಲ್ಲ.

ದೀಪದ ಕಥೆಯೂ ಇದೆ. ದೇಶದ ಅಗ್ರ ತಂಡಗಳ ಮೇಜರ್ ಲೀಗಿನಲ್ಲಿ ಎಲ್ಲರೂ ರಾತ್ರಿ ಆಡುತ್ತಿದ್ದಾಗ ಇಲ್ಲಿ ಹಗಲಾಟವೇ. 1942ಕ್ಕೆಂದು ಕಂಬಗಳ ಉಕ್ಕು ತಂದಿಟ್ಟಿದ್ದರು. ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿದ್ದ ಮರುದಿನವೇ ಅದನ್ನು ಯುದ್ಧಕ್ಕೆ ಕೊಟ್ಟುಬಿಟ್ಟರು. ಆಮೇಲೆ ಕಬ್ಸ್ ಆಟಕ್ಕೆ ದೀಪ ಹತ್ತಿದ್ದು 46 ವರ್ಷ ಕಳೆದು. ಎಂಟರ ಮೋಹದಲ್ಲಿ 8-8-88 ಎಂದು ದಿನವಿಟ್ಟರು. 91 ವರ್ಷದ ಅಭಿಮಾನಿಯೊಬ್ಬರ ಕೈಯಿಂದ ಸ್ವಿಚ್ ಹಾಕಿಸಿದರು. ಒಂಬತ್ತು ಇನಿಂಗ್ಸ್‌ಗಳಲ್ಲಿ ನಾಲ್ಕು ತುಂಬುವಷ್ಟರಲ್ಲಿ ಮಳೆರಾಯ ಬಂದು ಪಂದ್ಯವನ್ನೇ ತೊಳೆದುಹಾಕಿದ. ಹೊಡೆದಿದ್ದ ಹೋಮ್‌ರನ್‌ಗಳೂ ದಾಖಲೆಯಿಂದ ಅಳಿಸಿಹೋದವು. ಮೊದಲ ರಾತ್ರಿ ಪಂದ್ಯವೆಂದು ಪುಸ್ತಕದಲ್ಲಿರುವುದು ಮರುದಿನದ್ದು. ಆ ದಿನವನ್ನು ಆರಿಸಿದವರು ಪಂಚಾಂಗದ ಬದಲು ಹವಾಮಾನ ವರದಿ ನೋಡಬಹುದಿತ್ತು.

2015ರಲ್ಲಿ ಭಾರೀ ವಿಡಿಯೊ ಪರದೆಗಳೂ ಬಂದವು. ಪಕ್ಕದ ಬೀದಿಯ ಮನೆಗಳ ತಾರಸಿಯಿಂದ ಆಟ ತೋರಿಸಿ ದುಡ್ಡು ಮಾಡುತ್ತಿದ್ದವರು ನೋಟ ಮುಚ್ಚಿತೆಂದು ಕೋರ್ಟಿಗೆ ಹೋದರು. ಅವರ ಪರವಾಗಿ ಕಣ್ಣೀರು ಬರುವುದಿಲ್ಲ. ಆದರೆ ಕೈಯಲ್ಲಿ ಅಂಕೆ ತಿರುಗಿಸುವ ಬೋರ್ಡಿನ ಪಕ್ಕದಲ್ಲಿ ಜಾಹೀರಾತು ಕುಣಿಸುವ ಪರದೆ ನಿಲ್ಲಿಸಿ, ನೋಡಿ ನಮ್ಮ ಪರಂಪರೆ ಎಂದು ಅದೇ ಪರದೆಯಲ್ಲಿ ಬರೆಯುತ್ತಾರಲ್ಲ, ಅಲ್ಲಿ ಮೈ ಉರಿಯುತ್ತದೆ. ಪುಣ್ಯಕ್ಕೆ 2020ರಲ್ಲಿ ಮೈದಾನಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಥಳದ ಮನ್ನಣೆ ಬಂತು.

2016ರಲ್ಲಿ ಕಬ್ಸ್ ಕೊನೆಗೂ ಗೆದ್ದಾಗ ಜನ ಮೈದಾನದ ಹೊರಗೋಡೆಯ ಇಟ್ಟಿಗೆಗಳ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದರು. ಗೆಲುವು ಕಾಣದೆ ಹೋದ ಅಪ್ಪಂದಿರ, ಅಜ್ಜಿಯರ ಹೆಸರುಗಳೇ ಬಹಳ. ಕೈ ನಿಲುಕುವಷ್ಟು ಎತ್ತರಕ್ಕೂ ತುಂಬಿ, ಮೇಲಿನ ಸಾಲುಗಳಿಗೆ ಒಬ್ಬರನ್ನೊಬ್ಬರು ಎತ್ತಿಕೊಂಡು ಬರೆದರು. ಜನ ಯಾಕೆ ಹಚ್ಚಿಕೊಂಡರು ಎಂಬ ಮೊದಲಿನ ಪ್ರಶ್ನೆಗೆ ಇಲ್ಲಿ ಏನೋ ಹೇಳಬೇಕಿತ್ತು. ಅಷ್ಟರಲ್ಲಿ, ಹಾಗಾದರೆ ಆಡಿನ ಶಾಪ ಕಳೆಯಿತಲ್ಲ, ಎಂದು ಯಾರೋ ಕೇಳಿಯೇ ಕೇಳುತ್ತಾರೆ.

ಕೇಳಲಿ. 1945ರ ಅಕ್ಟೋಬರ್ 6ರಂದು ಬಳ್ಳಿಗೆ ಎಂಟು ವರ್ಷ ತುಂಬಿತ್ತು, ಎಲೆ ಕೆಂಪೇರುವ ಕಾಲ. ಆಡಿಗೂ ಟಿಕೆಟ್ ಇತ್ತು, ಹೋಮ್ ಪ್ಲೇಟಿನ ಹತ್ತಿರದ ಒಳ್ಳೆಯ ಸೀಟೇ ಸಿಕ್ಕಿತ್ತು ಎನ್ನುವವರ ಮಾತನ್ನೇ ಒಪ್ಪಿದರೂ, ಅಲ್ಲಿಂದ ನೇರ ಎದುರಿನ ಗೋಡೆಗೆ 400 ಅಡಿ. ಕಟ್ಟಿದ ಹಗ್ಗ ಅಷ್ಟು ಉದ್ದ ಇದ್ದಿರಲಾರದು.