ಅಮ್ಮ ಮಗಳಿಗೆ ಕೊಟ್ಟ ಪುಸ್ತಕವನ್ನು ಹಾಳೆ ಲೆಕ್ಕದಲ್ಲಿ ಮಾರುತ್ತಿದ್ದಾರೆ

ನಿನ್ನೆ ರಾತ್ರಿ ಮಲಗುವ ಮೊದಲು ಸುಮ್ನೆ ಫೋನಿನಲ್ಲಿ ಒಂದು ಹರಾಜಿನ ಪುಟ ತೆರೆದೆ. ಆಮೇಲೆ ಎರಡು ಗಂಟೆಯಾದರೂ ನಿದ್ದೆ ಹತ್ತಲಿಲ್ಲ. ಹದಿನೈದನೇ ಶತಮಾನದ ಫ್ರಾನ್ಸಿನ ಪ್ರಾರ್ಥನೆ ಪುಸ್ತಕವೊಂದನ್ನು ಬಿಚ್ಚಿ ಒಂದೊಂದೇ ಹಾಳೆಯಾಗಿ ಮಾರಾಟಕ್ಕಿಟ್ಟಿದ್ದರು. ಚಿತ್ರ ಇರುವ ಹಾಳೆಗೆ ಒಂದು ಬೆಲೆ, ಬರೀ ಅಕ್ಷರದ ಹಾಳೆಗೆ ಇನ್ನೊಂದು. ಕ್ಯಾಲೆಂಡರ್ ಹಾಳೆಗಳು ಎಲ್ಲಕ್ಕಿಂತ ಅಗ್ಗ. ಒಳಂಚಿನಲ್ಲಿ ಚಾಕು ಆಡಿಸಿದ ಗೆರೆ ಫೋಟೋದಲ್ಲೇ ನೆಟ್ಟಗೆ ಕಾಣುತ್ತಿತ್ತು.

ಇಪ್ಪತ್ತು ವರ್ಷದಿಂದ ನಾನು ಮಾಡುತ್ತಿರುವುದು ಹಳೆಯ ಪುಸ್ತಕ ಹೊಲಿಯುವ ಕೆಲಸ. ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಆ ಗೆರೆ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಪುಸ್ತಕಗಳು ಕರು, ಕುರಿಯ ಚರ್ಮದವು. ಚರ್ಮದ ಹಾಳೆಯನ್ನು ಮಧ್ಯಕ್ಕೆ ಮಡಚಿ, ಅಂಥ ನಾಲ್ಕನ್ನು ಒಂದರೊಳಗೊಂದು ಇಟ್ಟರೆ ಎಂಟು ಎಲೆಗಳ ಒಂದು ಕಂತೆ. ಮಡಿಕೆಯಲ್ಲಿ ದಾರ ಹಾಯುತ್ತದೆ. ಅಂದರೆ ಪ್ರತಿ ಎಲೆಗೂ ಆ ಕಡೆ ಒಂದು ಜೋಡಿ ಇರುತ್ತದೆ. ನೀವು ಇದನ್ನು ಮಡಿಕೆಯಲ್ಲೇ ಕತ್ತರಿಸಿದರೆ ಆ ಕಡೆಯದೂ ದಾರದಿಂದ ಕಳಚಿಕೊಳ್ಳುತ್ತದೆ. ಒಂದೇ ಒಂದು ಹಾಳೆ ತೆಗೆದೆವು ಅನ್ನುವ ಮಾತೇ ಸುಳ್ಳು.

ಬುಕ್ ಆಫ್ ಅವರ್ಸ್ ಅಂತ ಕರೆಯುವ ಈ ಪುಸ್ತಕಗಳು ಚರ್ಚಿನವಲ್ಲ, ಮನೆಯವು. ದಿನದ ಎಂಟು ಹೊತ್ತಿನ ಪ್ರಾರ್ಥನೆ ಮನೆಯಲ್ಲೇ ಓದಿಕೊಳ್ಳಲು ಮಾಡಿಸಿದ್ದು. ಎಷ್ಟೋ ಪುಸ್ತಕಗಳು ಅಮ್ಮನಿಂದ ಮಗಳಿಗೆ ಬಂದವು. ಮೊದಲಿಗೆ ಹನ್ನೆರಡು ತಿಂಗಳ ಕ್ಯಾಲೆಂಡರ್. ಅದರಲ್ಲೇ ಮನೆಯವರು ಹುಟ್ಟು, ಸಾವು ಬರೆದಿಡುತ್ತಿದ್ದರು. ನಮ್ಮಜ್ಜ ಪಂಚಾಂಗದ ಅಂಚಿನಲ್ಲಿ ಮೊಮ್ಮಕ್ಕಳು ಹುಟ್ಟಿದ ಹೊತ್ತು ಬರೆದಿಟ್ಟಿದ್ದರಲ್ಲ, ಹಾಗೇ. ಇಂಗ್ಲೆಂಡಿನ ಮಾರ್ಗರೆಟ್ ಬೋಫೋರ್ಟ್ ಅವರ ಪುಸ್ತಕ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದು ಅವರ ಅಮ್ಮನಿಂದ ಬಂದದ್ದು. 1457ರ ಜನವರಿ 28ಕ್ಕೆ ಹುಟ್ಟಿದ ಮಗನ ವಿಷಯ ಅದರ ಕ್ಯಾಲೆಂಡರಿನಲ್ಲಿದೆ. ಆ ಮಗ ಮುಂದೆ ಏಳನೇ ಹೆನ್ರಿ ದೊರೆಯಾದ. ಕ್ಯಾಲೆಂಡರಿನಲ್ಲಿ ಚಿತ್ರ ಕಡಿಮೆ, ಹಾಗಾಗಿ ಬಿಡಿಸಿ ಮಾರುವವರಿಗೆ ಅದು ಅಗ್ಗದ ಮಾಲು. ಒಂದು ಮನೆತನದ ನೆನಪೇ ಅಗ್ಗದ ಮಾಲು!

ಇದು ಇವತ್ತಿನ ಚಾಳಿಯೂ ಅಲ್ಲ. ಬ್ರಿಟನ್ನಿನ ದೊಡ್ಡ ಕಲಾವಿಮರ್ಶಕ ಜಾನ್ ರಸ್ಕಿನ್ 1854ರ ಜನವರಿಯಲ್ಲಿ ಒಂದು ಸಂಜೆ ಕೂತು ಪ್ರಾರ್ಥನೆ ಪುಸ್ತಕ ಕತ್ತರಿಸಿದ್ದನ್ನು ತಾನೇ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಕಷ್ಟದ ಕೆಲಸ ಅಂತ ಬೇರೆ. ಪುಸ್ತಕವನ್ನು ಅಷ್ಟು ಪ್ರೀತಿಸಿದ ಮನುಷ್ಯನಿಗೆ ಕೈ ಹೇಗೆ ಬಂತು?

ಕ್ಲೀವ್ಸ್‌ನ ಕ್ಯಾಥರೀನ್ ಎಂಬ ಡಚೆಸ್ ಅವರ ಪ್ರಾರ್ಥನೆ ಪುಸ್ತಕದ ಕತೆ ನೆನೆದರೆ ನನಗೆ ಇನ್ನೂ ಸಂಕಟ. ಸುಮಾರು 1440ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಆದದ್ದು, ಈಗ ಉಳಿದಿರುವ ಚಿತ್ರಗಳೇ 157. ಚಿತ್ರಕಾರನ ಹೆಸರು ಯಾರಿಗೂ ಗೊತ್ತಿಲ್ಲ. ಅದರಲ್ಲಿ ಸಂತ ಆಂಬ್ರೋಸ್ ಪುಟ ನೋಡಿ. ಸಂತ ನಡುವೆ ನಿಂತಿದ್ದಾನೆ, ಸುತ್ತಲಿನ ಅಂಚಿನ ತುಂಬ ಕಪ್ಪೆಚಿಪ್ಪುಗಳು. ಬಾಯಿ ತೆರೆದವು, ಮುಚ್ಚಿದವು, ಒಳಗಿನ ಮಾಂಸ ಕಾಣುವಂಥವು. ಕೆಳಗೆ ಒಂದು ಏಡಿ. ಈಗ ತಾನೇ ಮಾರುಕಟ್ಟೆಯಿಂದ ತಂದು ಸುರಿದ ಹಾಗಿದೆ. ಇಂಥ ಪುಸ್ತಕವನ್ನು ಹತ್ತೊಂಬತ್ತನೇ ಶತಮಾನದಲ್ಲಿ ಒಬ್ಬ ವ್ಯಾಪಾರಿ ಪೂರ್ತಿ ಬಿಚ್ಚಿದ. ಹಾಳೆಗಳನ್ನು ಅದಲುಬದಲು ಮಾಡಿ ಎರಡು ಪುಸ್ತಕವಾಗಿ ಕಟ್ಟಿಸಿದ. ಎರಡೂ ಬೇರೆ ಬೇರೆ ಮನೆ ಸೇರಿದವು. ಒಂದನ್ನು ನೋಡಿದವರು ಅದೇ ಪೂರ್ತಿ ಪುಸ್ತಕ ಅಂದುಕೊಂಡಿದ್ದರು. ಇನ್ನರ್ಧ ಹೊರಗೆ ಬಂದದ್ದು 1963ರಲ್ಲಿ. ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿ ಎರಡೂ ಒಂದೇ ಸೂರಿನಡಿ ಸೇರಿದ್ದು 1970ರಲ್ಲಿ. ಒಬ್ಬನ ದುರಾಸೆಗೆ ನೂರು ವರ್ಷಕ್ಕೂ ಜಾಸ್ತಿ!

ಹಾಳೆ ಮಾಡಿ ಮಾರಿದರೆ ಬಡವರ ಮನೆಗೂ ಒಂದು ಚೂರು ಸಿಗುತ್ತದಲ್ವಾ ಅಂತ ನೀವು ಕೇಳಬಹುದು. ಅಮೆರಿಕದ ಕ್ಲೀವ್‌ಲ್ಯಾಂಡಿನ ಓಟೋ ಎಗೆ ಹೇಳಿದ್ದೂ ಇದನ್ನೇ. ಕಲಾಶಾಲೆಯ ಮೇಷ್ಟ್ರು, ದಶಕಗಟ್ಟಲೆ ಪುಸ್ತಕ ಬಿಚ್ಚಿ ಮಾರಿದವರು. ನಾನು ಒಪ್ಪುವುದಿಲ್ಲ. ಗೋಡೆಗೆ ಸಿಕ್ಕಿದ್ದು ಚಿನ್ನದ ಅಕ್ಷರ, ಪ್ರಾರ್ಥನೆ ಅಲ್ಲ. ಅವರೂ ಇನ್ನೊಬ್ಬ ವ್ಯಾಪಾರಿಯೂ ಸೇರಿ 1942ರಲ್ಲಿ ಚದುರಿಸಿದ, ಫ್ರಾನ್ಸಿನ ಬೋವೆ ಊರಿನ ಪೂಜಾಪುಸ್ತಕದ ಹಾಳೆಗಳನ್ನು ಲೀಸಾ ಫೇಗಿನ್ ಡೇವಿಸ್ ಎಂಬ ವಿದ್ವಾಂಸೆ ವರ್ಷಗಟ್ಟಲೆ ಹುಡುಕಿದ್ದಾರೆ. ಇದ್ದದ್ದು 309. ನೂರಕ್ಕೂ ಹೆಚ್ಚು ಸಿಕ್ಕಿವೆ, ಅದೂ ಕಂಪ್ಯೂಟರಿನಲ್ಲಿ ಮಾತ್ರ ಒಟ್ಟಾಗಿವೆ. ಬಡವರಿಗೆ ತೋರಿಸಬೇಕಾದರೆ ಇವತ್ತು ಇಡೀ ಪುಸ್ತಕದ ಫೋಟೋ ತೆಗೆದು ಇಂಟರ್‌ನೆಟ್ಟಿನಲ್ಲಿ ಹಾಕಬಹುದು. ಎಷ್ಟೋ ಲೈಬ್ರರಿಗಳು ಹಾಕಿಯೂ ಇವೆ. ಚಾಕು ಯಾಕೆ ಬೇಕು?

ಇಷ್ಟು ಹೇಳಿ ಒಂದು ವಿಷಯ ಮುಚ್ಚಿಟ್ಟರೆ ತಪ್ಪಾಗುತ್ತದೆ. ನನ್ನ ಹತ್ತಿರವೂ ಒಂದು ಹಾಳೆ ಇದೆ. ಕೆಲಸ ಕಲಿಯಲು ಲಂಡನ್ನಿಗೆ ಹೋಗಿದ್ದಾಗ ಹಳೆ ಪುಸ್ತಕದಂಗಡಿಯಲ್ಲಿ 40 ಪೌಂಡ್ ಕೊಟ್ಟು ತಂದೆ. ಅವತ್ತು ಬಹಳ ಖುಷಿಯಾಗಿತ್ತು. ನನ್ನಂಥವರು ಕೊಂಡಿದ್ದಕ್ಕೇ ಅಂಗಡಿಯವನು ಇನ್ನೊಂದು ಪುಸ್ತಕ ಬಿಚ್ಚಿದ್ದಾನೆ ಅನ್ನುವುದು ತಲೆಗೆ ಬರುವಾಗ ತಡವಾಗಿತ್ತು. ಅದಕ್ಕೇ ಯಾರಿಗೂ ತೋರಿಸಿರಲಿಲ್ಲ, ಬೀರುವಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೆ.

ನಿನ್ನೆ ರಾತ್ರಿ ಹೊರಗೆ ತೆಗೆದೆ. ಉದ್ದ 16 ಸೆಂಟಿಮೀಟರ್, ಅಗಲ 11. ಪುಟಕ್ಕೆ 15 ಸಾಲು, ಲ್ಯಾಟಿನ್. ಕೆಂಪು ಮತ್ತು ನೀಲಿ ದೊಡ್ಡಕ್ಷರಗಳು, ಚಿತ್ರ ಇಲ್ಲ. ಐವತ್ತೊಂದನೇ ಕೀರ್ತನೆ ಕೊನೆಯ ಸಾಲುಗಳಲ್ಲಿ ಶುರುವಾಗುತ್ತದೆ: ದೇವರೇ, ನಿನ್ನ ದೊಡ್ಡ ಕರುಣೆಯಂತೆ ನನ್ನನ್ನು ಕರುಣಿಸು. ಆ ಕರುಣೆ ಅನ್ನುವ ಪದ ಬರುವಷ್ಟರಲ್ಲಿ ಜಾಗ ಮುಗಿದು, 'ಮಿಸೆರಿಕೋರ್' ಎಂದು ನಿಂತಿದೆ. ಮುಂದಿನ ಹಾಳೆ 'ದಿಯಂ' ಎಂದು ಶುರುವಾಗಬೇಕು. ವಿದೇಶದಲ್ಲಿರುವ ಗೆಳೆಯರೇ, ಯಾರದೇ ಮನೆಯ ಗೋಡೆಯಲ್ಲಿ, ಯಾವುದೇ ಅಂಗಡಿಯಲ್ಲಿ ಆ ಹಾಳೆ ಕಂಡರೆ ಒಂದು ಫೋಟೋ ಕಳಿಸಿ. ನನ್ನದನ್ನು ಅಲ್ಲಿಗೇ ಕಳಿಸಿಕೊಡುತ್ತೇನೆ.